ನನ್ನ ಪ್ಯಾಸೇಜಿನ ಮೇಲೆ ತಮ್ಮನ ಕಣ್ಣು

ಧೃತಿ, ಚಿನ್ಮಯ, ಇಬ್ಬರೂ ಜಗಳ ನಿಲ್ಲಿಸಿ ಇದನ್ನು ಓದಿ. ನಿಮ್ಮ ಸೀಡಿ ಅಜ್ಜ, ಅಂದರೆ ನನ್ನ ಸ್ವಂತ ತಮ್ಮ, ಈ ಭೂಮಿಗೆ ವಿಳಾಸ ತಪ್ಪಿ ಬಂದ ಪಾರ್ಸೆಲು. ಅವನು ಹೋಗಬೇಕಾಗಿದ್ದದ್ದು ಯಾವುದೋ ಆಕಾಶ ಹಡಗಿಗೆ. ಅಲ್ಲಿಯೂ ಹಡಗು ನಡೆಸುವುದಕ್ಕಲ್ಲ, ಯುದ್ಧ ಮಾಡುವುದಕ್ಕಲ್ಲ. ಅದರ ಕಾರಿಡಾರಿನಲ್ಲಿ ಆಚೆಯಿಂದ ಈಚೆಗೆ ನಡೆದಾಡುವುದಕ್ಕೆ!

ಅವನ ಹೆಸರು ಬರೆಯುವುದಿಲ್ಲ. ಬರೆದರೆ ನಾಳೆಯೇ ಬಂದು, ಯಾಕೆ ದಪ್ಪ ಅಕ್ಷರದಲ್ಲಿ ಬರೆಯಲಿಲ್ಲ ಎಂದು ಕೇಳುತ್ತಾನೆ.

ನಾನು ಮೊದಲಿನಿಂದಲೂ ಸಂಶಯದ ಹೆಂಗಸು. ಹಾಲಿನವನ ಹಾಲು, ಮೀನಿನವನ ತಕ್ಕಡಿ, ಟಿ.ವಿ.ಯಲ್ಲಿ ನಗುವವರ ನಗು, ಯಾವುದನ್ನೂ ಒಮ್ಮೆಲೇ ನಂಬಿದವಳಲ್ಲ. ಆದರೆ ಬಾಯಿಬಿಟ್ಟು ಕೇಳುವ ಧೈರ್ಯ ಇಲ್ಲ. ಕೇಳದೆ ಉಳಿದ ಸಂಶಯ ಮುಚ್ಚಿಟ್ಟ ದೋಸೆ ಹಿಟ್ಟಿನ ಹಾಗೆ. ಒಳಗೊಳಗೇ ಉಬ್ಬಿ ಕೊನೆಗೆ ಮುಚ್ಚಳವನ್ನೇ ಎತ್ತುತ್ತದೆ. ನನ್ನ ಹೆಚ್ಚಿನ ಸಂಶಯಗಳನ್ನು ಉಬ್ಬಿಸಿದವನು ಈ ತಮ್ಮನೇ.

ನೀವು ಹುಟ್ಟುವ ಮೊದಲು ಬಂದ್ಯೋಡಿನಲ್ಲಿ, ಹೆದ್ದಾರಿಯ ಬದಿಯಲ್ಲಿ, ಅವನದ್ದೊಂದು ಸೀಡಿ ಅಂಗಡಿ ಇತ್ತು. ಸಿನಿಮಾಗಳನ್ನು ಬಾಡಿಗೆಗೆ ಕೊಡುವುದು. ಮಲಯಾಳ ಸಿನಿಮಾಗಳು ಬೆಳಿಗ್ಗೆಯೇ ಖಾಲಿ, ಕನ್ನಡದವು ಸಂಜೆಯೊಳಗೆ ಖಾಲಿ. ಯಾರೂ ಮುಟ್ಟದೆ ಉಳಿಯುತ್ತಿದ್ದದ್ದು ಇಂಗ್ಲಿಷಿನ ಆಕಾಶ ಹಡಗಿನ ಸಿನಿಮಾಗಳು. ಉಳಿದ ಸಾಂಬಾರನ್ನು ನಾವು ಹೆಂಗಸರು ತಿಂದು ಮುಗಿಸುವ ಹಾಗೆ ಅವನು ಅವುಗಳನ್ನು ಕೂತು ನೋಡಿ ಮುಗಿಸಿದ. ಅವನಿಗೆ ಇಂಗ್ಲಿಷ್ ಬರುತ್ತದೆಯೇ? ನಾನೂ ಅವನೂ ಕಲಿತದ್ದು ಒಂದೇ ಊರ ಶಾಲೆಯಲ್ಲಿ, ನನಗೆ ಎಷ್ಟು ಬರುತ್ತದೋ ಅವನಿಗೂ ಅಷ್ಟೇ. ಮಾತು ಅರ್ಥವಾಗದ ಕಾರಣ ಅವನು ಗೋಡೆಗಳನ್ನು ನೋಡತೊಡಗಿದ. ನೋಡಿ ನೋಡಿ ಒಂದು ದೊಡ್ಡ ಸಂಗತಿ ಕಂಡುಹಿಡಿದ. ಆ ಹಡಗುಗಳಲ್ಲಿ ಮುಖ್ಯವಾದದ್ದೆಲ್ಲ ನಡೆಯುವುದು ಕಾರಿಡಾರಿನಲ್ಲಿಯೇ!

ಮತ್ತೆ ಕೇಳಬೇಕೆ? ಗಿರಾಕಿಗಳ ಗ್ರಹಚಾರ ಕೆಟ್ಟಿತು. ಹೊಸತಾಗಿ ಮದುವೆಯಾದ ಹುಡುಗನೊಬ್ಬ ಹೆಂಡತಿಯ ಜೊತೆ ನೋಡಲು ಒಳ್ಳೆಯ ಪ್ರೀತಿಯ ಸಿನಿಮಾ ಕೇಳಿದ. ಇವನು ಹಡಗಿನದ್ದೊಂದನ್ನು ಕೈಗೆ ಕೊಟ್ಟು, "ಪ್ರೀತಿ ಇದರಲ್ಲಿ ಉಂಟು. ಅವಳು ಬಾಗಿಲಿನ ಆಚೆ, ಅವನು ಈಚೆ, ನಡುವೆ ಗಾಜು. ಇದಕ್ಕಿಂತ ದೊಡ್ಡ ಪ್ರೀತಿ ಬೇಕಾ ನಿನಗೆ?" ಎಂದನಂತೆ. ಮರುದಿನ ಹುಡುಗ ಸೀಡಿಯನ್ನು ಮೇಜಿನ ಮೇಲೆ ಕುಕ್ಕಿದ.

"ಎಂತ ಸಿನಿಮಾ ಮಾರಾಯ್ರೇ ಇದು? ಕಾರಿಡಾರಿನ ಮೂಲೆಯಿಂದ ಎಂಥದ್ದೋ ಒಂದು ಜೊಲ್ಲು ಸುರಿಸಿಕೊಂಡು ಬಂತು. ಈಗ ನನ್ನ ಹೆಂಡತಿ ಬಚ್ಚಲಿಗೆ ಹೋಗುವಾಗ ನಾನು ಬಾಗಿಲಲ್ಲಿ ಕಾವಲು ನಿಲ್ಲಬೇಕು!"

"ನೋಡು, ಈಗ ಅವಳು ಒಂದು ಕ್ಷಣವೂ ನಿನ್ನನ್ನು ಬಿಟ್ಟಿರುವುದಿಲ್ಲ ಅಲ್ವಾ? ಪ್ರೀತಿಯ ಸಿನಿಮಾ ಕೇಳಿದ್ದು ನೀನೇ," ಎಂದ ನನ್ನ ತಮ್ಮ.

ಮಧ್ಯಾಹ್ನ ಬಂದ್ಯೋಡಿನಲ್ಲಿ ಕರೆಂಟು ಹೋದರೆ ಅವನು ಸೀಡಿ ಚೀಲ ಹೊತ್ತು ನಮ್ಮ ಮನೆಗೆ ಬರುತ್ತಿದ್ದ. ನಮ್ಮದು ಪೈವಳಿಕೆಯ ಕಡೆಗೆ ಹೋಗುವ ದಾರಿಯಲ್ಲಿ, ಬೇರೆ ಲೈನು. ಟಿ.ವಿ. ಇದ್ದದ್ದು ಎದುರಿನ ಚಾವಡಿಯಲ್ಲಿ. ನಮ್ಮ ಮನೆಯ ರಚನೆ ನಿಮಗೆ ಗೊತ್ತಲ್ಲ. ಎದುರು ಚಾವಡಿ, ಹಿಂದೆ ಅಡುಗೆಮನೆ, ಎರಡನ್ನೂ ಸೇರಿಸುವ ಉದ್ದದ ಕತ್ತಲೆಯ ಪ್ಯಾಸೇಜು. ನನ್ನ ಮಾವನವರ ಕಾಲದಿಂದಲೂ ಈ ಮನೆಯ ಹೆಂಗಸರು ಚಾವಡಿಯಲ್ಲಿ ಕೂರುವ ಕ್ರಮ ಇಲ್ಲ. ಯಾರೂ ಬಾಯಿಬಿಟ್ಟು ಬೇಡ ಎಂದದ್ದಲ್ಲ, ಯಾರೂ ಬಾ ಎಂದದ್ದೂ ಇಲ್ಲ. ಆದ್ದರಿಂದ ನಾನು ಪ್ಯಾಸೇಜಿನ ಹೊಸ್ತಿಲಲ್ಲಿ ಕೂತು, ಹಲಸಿನ ಬೀಜದ ಸಿಪ್ಪೆ ತೆಗೆಯುತ್ತ ಆಕಾಶ ಹಡಗು ನೋಡಿದೆ.

ನನಗೆ ಮೊದಲ ನೋಟಕ್ಕೇ ಸಂಶಯ ಬಂತು. "ಇಷ್ಟು ದೊಡ್ಡ ಹಡಗು. ಅಡುಗೆಮನೆ ಎಲ್ಲಿ?"

"ಅಕ್ಕ, ಸುಮ್ಮನೆ ನೋಡು."

"ಗುಡಿಸುವವರು ಯಾರು? ಒಬ್ಬರ ಕೈಯಲ್ಲೂ ಒಂದು ಪಾತ್ರೆ ಇಲ್ಲ, ಎಲ್ಲರೂ ಓಡುವುದೇ. ಇವರು ಮನೆಯಲ್ಲಿ ಕೆಲಸ ಮಾಡುವ ಜನ ಅಲ್ಲ."

ಅವನು ಸಿನಿಮಾ ನಿಲ್ಲಿಸಿ ಪಾಠ ಮಾಡಿದ. ಪೈಪುಗಳು ಹೊರಗೆ ಕಾಣುವ, ತಲೆ ತಗಲುವ ಕಾರಿಡಾರು ಇದ್ದರೆ ಅದು ದುಡಿಯುವವರ ಹಡಗು. ಅಲ್ಲಿನವರನ್ನು ನಂಬಬಹುದು, ಆದರೆ ಅವರು ಸಾಯುತ್ತಾರೆ. ಬೆಳ್ಳಗೆ ಅಗಲವಾಗಿ ಹೊಳೆಯುವ ಕಾರಿಡಾರು ಇದ್ದರೆ ಯಾರನ್ನೂ ನಂಬಬಾರದು. ಕೆಂಪು ದೀಪ ಬಿದ್ದರೆ ಹಡಗಿಗೇ ಜ್ವರ ಬಂದಿದೆ ಎಂದು ಅರ್ಥ.

"ಹೊರಗೆ ಅಷ್ಟು ದೊಡ್ಡ ಆಕಾಶ ಉಂಟಲ್ಲ, ಅದನ್ನು ತೋರಿಸಬಾರದಾ?" ಎಂದೆ.

"ಆಕಾಶಕ್ಕೆ ಮೂಲೆ ಇಲ್ಲ ಅಕ್ಕ. ಮೂಲೆ ಇಲ್ಲದಿದ್ದರೆ ಹೆದರಿಕೆ ಎಲ್ಲಿ ಅಡಗಿ ಕೂರುವುದು? ಆಚೆ ಎಂತ ಉಂಟು ಅಂತ ಕಾಣಬಾರದು, ಆದರೂ ಹೋಗದೆ ಉಪಾಯ ಇರಬಾರದು. ಅದು ಕಾರಿಡಾರು. ಕ್ಯಾಪ್ಟನು ಎದುರಿನ ಕೋಣೆಯಲ್ಲಿ ಕೂತು ಆರ್ಡರು ಕೊಡ್ತಾನೆ. ಆದರೆ ಮನುಷ್ಯ ಬದಲಾಗುವುದು ಆ ಕೋಣೆಗೆ ನಡೆದು ಹೋಗುವಾಗ. ಈ ತುದಿಯಲ್ಲಿ ಹೊರಟವಳೇ ಬೇರೆ, ಆ ತುದಿಯಲ್ಲಿ ಮುಟ್ಟಿದವಳೇ ಬೇರೆ."

ನಾನು ಅಡುಗೆಮನೆಯಿಂದ ಚಾವಡಿಯ ಬಾಗಿಲಿನವರೆಗೆ ಎಷ್ಟು ವರ್ಷ ನಡೆದವಳು! ಆ ತುದಿ ಮುಟ್ಟಿದಾಗಲೂ ನಾನೇ ಇರುತ್ತಿದ್ದೆ, ಕಾಫಿ ಮಾತ್ರ ಸ್ವಲ್ಪ ಆರಿರುತ್ತಿತ್ತು. ಹಾಗೆ ಹೇಳಿದೆ. ಅವನು ನಗಲಿಲ್ಲ. ನನ್ನ ಬೆನ್ನ ಹಿಂದಿನ ಪ್ಯಾಸೇಜನ್ನು ಒಮ್ಮೆ ಬಗ್ಗಿ ನೋಡಿದ.

ಆದರೆ ಇನ್ನೊಂದು ಸಂಶಯ ನನ್ನನ್ನು ಬಿಡಲಿಲ್ಲ. "ಇವರು ಅಷ್ಟು ಹೊತ್ತು ಓಡಿದರಲ್ಲ, ಗೋಡೆಯ ಆ ಮಸಿ ಕಲೆ ಮಾತ್ರ ಪುನಃ ಪುನಃ ಬರುತ್ತದೆ. ಇವರು ಒಂದೇ ಪ್ಯಾಸೇಜಿನಲ್ಲಿ ಹೋಗಿ ಬಂದು ಮಾಡ್ತಾ ಇದ್ದಾರೆ. ಮೋಸ!"

ಅವನು ಸೀಡಿ ಹಿಂದೆ ತಿರುಗಿಸಿ ನೋಡಿದ. ಮಸಿ ಕಲೆ ಹೌದು! ಕಟ್ಟಿದ್ದೇ ಒಂದು ತುಂಡು ಕಾರಿಡಾರು, ದೀಪದ ಬಣ್ಣ ಬದಲಿಸಿ ಇಡೀ ಹಡಗು ತೋರಿಸಿದ್ದರು. ಅವನಿಗೆ ಬೇಸರವಾಗಬೇಕಲ್ಲವೇ? ಕುಣಿದಾಡಿಬಿಟ್ಟ!

"ಅಂದರೆ ದೀಪ ಒಂದಿದ್ದರೆ ಸಾಕು ಅಕ್ಕ! ಹಳೆಯ ಕಾರಿಡಾರನ್ನು ಹೊಸತು ಮಾಡಬಹುದು!"

ಈ ಮಾತನ್ನು ನೆನಪಿನಲ್ಲಿಡಿ. ನಾನು ಇಟ್ಟುಕೊಂಡಿರಲಿಲ್ಲ.

ಆ ವರ್ಷವೇ ಊರಿನ ವಾಚನಾಲಯದ ವಾರ್ಷಿಕೋತ್ಸವಕ್ಕೆ ಅವನು ಆಕಾಶ ಹಡಗಿನ ನಾಟಕ ಮಾಡಿಸಿದ. ಬಂದ್ಯೋಡಿನ ಅಂಗಡಿಗಳಿಂದ ಫ್ರಿಜ್ಜಿನ ರಟ್ಟಿನ ಪೆಟ್ಟಿಗೆಗಳನ್ನು ತಂದು, ಒಳಗೆಲ್ಲ ಬಿರಿಯಾನಿ ಕಟ್ಟುವ ಬೆಳ್ಳಿ ಹಾಳೆ ಅಂಟಿಸಿ, ವೇದಿಕೆಯ ಈ ಬದಿಯಿಂದ ಆ ಬದಿಗೆ ಕಾರಿಡಾರು ಕಟ್ಟಿದ. ನಾಲ್ಕೂ ಕಡೆ ಮುಚ್ಚಿದ, ಬಹಳ ಚಂದದ ಕಾರಿಡಾರು. ಒಳಗೆ ಕೆಂಪು ದೀಪ, ಹಳದಿ ದೀಪ, ಹೊಗೆ. ನಟರು ಒಳಗೆ ಹೊಕ್ಕರು, ನಾಟಕ ಶುರುವಾಯಿತು. ಪ್ರೇಕ್ಷಕರಿಗೆ ಕಾಣಿಸಿದ್ದು ಏನು? ರಟ್ಟಿನ ಹೊರಮೈ! ಅದರ ಮೇಲೆ 'ಈ ಭಾಗ ಮೇಲೆ' ಎಂಬ ಬಾಣ, ಒಡೆದೀತೆಂಬ ಎಚ್ಚರಿಕೆಗೆ ಒಂದು ಗಾಜಿನ ಲೋಟದ ಚಿತ್ರ! ಒಳಗಿನಿಂದ ಓಡುವ ಸದ್ದು, ಕೂಗುವ ಸದ್ದು. ಕೊನೆಗೆ ಕ್ಯಾಪ್ಟನು ಹೊಟ್ಟೆಯ ಕಾರಣದಿಂದ ಎರಡು ಪೆಟ್ಟಿಗೆಗಳ ನಡುವೆ ಸಿಕ್ಕಿಬಿದ್ದು, "ಎಳೀರಿ ಮಾರಾಯ್ರೇ!" ಎಂದು ನಿಜವಾಗಿಯೇ ಅತ್ತ. ಅಷ್ಟು ಜೀವಂತ ಅಭಿನಯವನ್ನು ನಮ್ಮೂರು ಅದುವರೆಗೆ ಕೇಳಿರಲಿಲ್ಲ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು.

"ನೋಡಿದೆಯಾ ಅಕ್ಕ, ಕಾಣದೆ ಇದ್ದದ್ದೇ ಹೆಚ್ಚು ತಟ್ಟುವುದು," ಎಂದ. ಇಂಥವನನ್ನು ಏನು ಮಾಡುವುದು?

ಆಮೇಲೆ ನಿಮ್ಮ ಅಜ್ಜ, ನನ್ನ ಯಜಮಾನರು, ತೀರಿಕೊಂಡರು. ಅದನ್ನು ಇಲ್ಲಿ ಬರೆಯುವುದಿಲ್ಲ. ಒಂದು ಸಣ್ಣ ವಿಷಯ ಮಾತ್ರ ಹೇಳಬೇಕು. ಮೊದಲು ಚಾವಡಿಗೆ ನೆಂಟರು ಬಂದಾಗ ನಾನು ಕಾಫಿಯ ತಟ್ಟೆ ಹಿಡಿದು ಪ್ಯಾಸೇಜಿನ ಬಾಗಿಲಿನ ಹಿಂದೆ ನಿಂತು ಕೈ ಸ್ವಲ್ಪ ಅಲುಗಿಸುತ್ತಿದ್ದೆ. ಬಳೆ ಸದ್ದಾಗುತ್ತಿತ್ತು, ನಿಮ್ಮ ಅಜ್ಜ ಎದ್ದು ಬಂದು ತಟ್ಟೆ ತೆಗೆದುಕೊಳ್ಳುತ್ತಿದ್ದರು. ನನ್ನ ಅತ್ತೆಯವರೂ ಹಾಗೇ ಮಾಡುತ್ತಿದ್ದದ್ದು. ಬಳೆ ಹೋದ ಮೇಲೆ ನಾನು ಬಂದದ್ದು ಯಾರಿಗೂ ತಿಳಿಯದಾಯಿತು. ಚಮಚೆಯಿಂದ ಲೋಟವನ್ನು ಮೆಲ್ಲಗೆ ತಟ್ಟುತ್ತಿದ್ದೆ. ಟಿ.ವಿ.ಯ ಗದ್ದಲದಲ್ಲಿ ಕೇಳದಿದ್ದರೆ ಹಿಂದೆ ಹೋಗಿ ಕಾಫಿಯನ್ನು ಪುನಃ ಬಿಸಿ ಮಾಡುತ್ತಿದ್ದೆ. ಕರೆಯಬಹುದಿತ್ತಲ್ಲ ಎನ್ನುತ್ತೀರಿ. ನಿಮಗೆ ನಾಚಿಕೆ ಎಂದರೆ ಏನೆಂದು ಗೊತ್ತಿಲ್ಲ, ಅದು ಒಳ್ಳೆಯದೇ.

ಒಮ್ಮೆ ತಮ್ಮ ನೀರು ಕುಡಿಯಲು ಎದ್ದು ಬಂದವನು ಬಾಗಿಲ ಹಿಂದೆ ನನ್ನನ್ನು ನೋಡಿ ಬೆಚ್ಚಿದ.

"ಎಷ್ಟು ಹೊತ್ತಾಯಿತು ಅಕ್ಕ ನಿಂತು?"

"ಈಗ ಬಂದದ್ದು."

ಕಾಫಿಯ ಮೇಲೆ ಕೆನೆ ಕಟ್ಟಿತ್ತು. ಅವನು ಅದನ್ನು ನೋಡಿದ, ತಟ್ಟೆ ತೆಗೆದುಕೊಂಡು ಹೋದ.

ಅಷ್ಟರಲ್ಲಿ ಎಲ್ಲರ ಕೈಗೂ ಫೋನು ಬಂದು ಸೀಡಿ ಅಂಗಡಿ ಮುಚ್ಚಿತು. ಅವನು ದಿನವೂ ನಮ್ಮ ಮನೆಗೆ ಬರತೊಡಗಿದ. ಬಂದವನು ಚಾವಡಿಯಲ್ಲಿ ಕೂರುತ್ತಿರಲಿಲ್ಲ. ಪ್ಯಾಸೇಜಿನಲ್ಲಿ ನಿಂತು ಗೋಡೆ ತಟ್ಟುವುದು, ಬಗ್ಗಿ ನೋಡುವುದು, ಟೇಪು ಹಿಡಿದು ಅಳೆಯುವುದು!

"ಎಂತದು ಅಳತೆ?"

"ಕಾರಿಡಾರಿನದ್ದು."

"ಅದು ಕಾರಿಡಾರಲ್ಲ, ನನ್ನ ಪ್ಯಾಸೇಜು."

"ಒಂದೇ ಅಲ್ವಾ?" ಎಂದು ಹಲ್ಲು ಕಿರಿದ.

ಆಚೆ ಮನೆಯ ಕಮಲ ಬೇಲಿಯ ಹತ್ತಿರ ನನ್ನನ್ನು ಕರೆದು ದನಿ ತಗ್ಗಿಸಿದಳು. "ಅಕ್ಕಾ, ಎಂತ, ಮನೆಗೆ ನಡುವಿನಲ್ಲಿ ಗೋಡೆ ಹಾಕಿಸ್ತಾರಂತೆ ನಿಮ್ಮ ತಮ್ಮ? ಎದುರಿನ ಭಾಗ ಕ್ವಾರ್ಟರ್ಸ್ ಮಾಡಿದರೆ ಬಾಡಿಗೆಗೆ ಬೇಕಾದಷ್ಟು ಜನ ಉಂಟು. ನಿಮಗೆ ಒಬ್ಬರಿಗೆ ಅಡುಗೆಮನೆ ಸಾಕಲ್ಲ."

ಹೌದಲ್ಲ! ಒಂಟಿ ಹೆಂಗಸು, ಅಂಗಡಿ ಮುಚ್ಚಿದ ತಮ್ಮ, ಟೇಪು! ನಾನು ಕಾಲಿಡದ ಚಾವಡಿಯಾದರೂ ಅದು ನನ್ನ ಚಾವಡಿ. ಅಲ್ಲಿಗೆ ಹೋಗುವ ದಾರಿಗೇ ಗೋಡೆ ಬಿದ್ದರೆ ನಾನು ಈ ಮನೆಯಲ್ಲಿ ಯಾರು? ಅಂದಿನಿಂದ ತರಕಾರಿ ಹೆಚ್ಚುವ ಮಣೆಯನ್ನು ಪ್ಯಾಸೇಜಿನ ನಡುವೆಯೇ ಇಟ್ಟು ಕಾವಲು ಕೂತೆ. ಅವನ ಟೇಪನ್ನು ಅಕ್ಕಿ ಡಬ್ಬಿಯಲ್ಲಿ ಅಡಗಿಸಿದೆ. ಅವನು ಗೇಣು ಹಾಕಿ ಅಳೆದ! ಕೇಳಿಯೇಬಿಡಬೇಕೆಂದು ಬಾಯಿ ತೆರೆದಾಗಲೆಲ್ಲ "ಚಾ ಮಾಡಲಾ?" ಎಂಬ ಮಾತೇ ಹೊರಬಂತು.

ಒಂದು ದಿನ ಅವನು ಫೋನಿನಲ್ಲಿ ನಿಮ್ಮ ಅಮ್ಮನ ಜೊತೆ ಪಿಸುಗುಟ್ಟುವುದು ಕಿವಿಗೆ ಬಿತ್ತು. "ಅಕ್ಕ ಮನೆಯಲ್ಲಿದ್ದರೆ ಆಗುವುದಿಲ್ಲ ಮಗಾ. ನೀನು ಒಂದು ವಾರ ಕರಕೊಂಡು ಹೋಗು." ಮರುದಿನವೇ ಮಂಗಳೂರಿನಿಂದ ನಿಮ್ಮ ಅಮ್ಮ, "ಅಮ್ಮ, ಒಂದು ವಾರ ಬಂದು ಇರಿ, ಮಕ್ಕಳು ಕೇಳ್ತಾ ಇದ್ದಾರೆ" ಎಂದಳು. ಚಿನ್ಮಯನಿಗೆ ಆಗ ಮಾತೇ ಬರುತ್ತಿರಲಿಲ್ಲ, ಹೇಗೆ ಕೇಳಿದ? ಆದರೂ ಹೋದೆ. ಆ ವಾರ ನಿಮ್ಮನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದರೂ ನನ್ನ ಕಣ್ಣೆದುರು ಇದ್ದದ್ದು ಹಸಿ ಸಿಮೆಂಟಿನ ಗೋಡೆ.

ಶನಿವಾರ ಮಧ್ಯಾಹ್ನ ಎಲ್ಲರೂ ಒಂದೇ ಕಾರಿನಲ್ಲಿ ಮನೆಗೆ ಬಂದೆವು. ನಿಮ್ಮ ಅಪ್ಪನ ತಂದೆ ತಾಯಿಯೂ ಇದ್ದರು. ನಾನು ಹಿಂದಿನ ಬಾಗಿಲಿನಿಂದ ಓಡಿ ಹೋಗಿ ಪ್ಯಾಸೇಜು ನೋಡಿದೆ. ಗೋಡೆ ಇಲ್ಲ! ಸಮಾಧಾನವಾಯಿತೇ? ಇಲ್ಲ, ಇನ್ನೂ ಸಂಶಯ ಬಂತು. ಗೋಡೆಯ ಬುಡದಲ್ಲಿ, ಪಾದದ ಗಂಟಿನ ಎತ್ತರಕ್ಕೆ, ಸಾಲಾಗಿ ಅಂಗಿ ಗುಂಡಿಯ ಹಾಗೆ ಉಬ್ಬಿದ ಬಿಳಿ ಗುಂಡಿಗಳು. ಕ್ಯಾಮರಾ! ನಾನು ಎಲ್ಲಿ ಹೋಗುತ್ತೇನೆ, ಯಾವಾಗ ಹೋಗುತ್ತೇನೆ ಎಂದು ಕಾಯುವುದಕ್ಕೆ! ಅಡುಗೆಮನೆಯ ಹತ್ತಿರದ ಗುಂಡಿಯ ಮೇಲೆ ಪಾತ್ರೆ ಇಳಿಸುವ ಬಟ್ಟೆಯನ್ನು ಬಿಗಿಯಾಗಿ ಸಿಕ್ಕಿಸಿದೆ. ಉಳಿದವುಗಳಿಗೆ ಬಟ್ಟೆ ಸಾಕಾಗಲಿಲ್ಲ.

ಮಧ್ಯಾಹ್ನ ಹೋಗಿದ್ದ ಕರೆಂಟು ಮುಸ್ಸಂಜೆಗೆ ಬಂತು, ಕಾಫಿ ಮಾಡಿದೆ. ತಟ್ಟೆ ಹಿಡಿದು ಕತ್ತಲೆಯ ಪ್ಯಾಸೇಜಿಗೆ ಕಾಲಿಟ್ಟೆ. ಸ್ವಲ್ಪ ಮುಂದೆ ಹೋದದ್ದೇ, ನನ್ನ ಪಾದದ ಹತ್ತಿರ ಒಂದು ದೀಪ ತಾನಾಗಿ ಹೊತ್ತಿತು. ಶಾರ್ಟ್ ಸರ್ಕ್ಯೂಟ್ ಎಂದು ಹೆದರಿ ನಿಂತೆ. ದೀಪವೂ ನನ್ನ ಜೊತೆ ನಿಂತಿತು. ಹೆಜ್ಜೆ ಇಟ್ಟೆ, ಮುಂದಿನ ದೀಪ ಹೊತ್ತಿತು. ಮತ್ತೊಂದು ಹೆಜ್ಜೆಗೆ ಮತ್ತೊಂದು. ಆ ಬೆಳಕು ನನಗಿಂತ ಮೊದಲು ಬಾಗಿಲು ದಾಟಿ ಚಾವಡಿಯ ನೆಲದ ಮೇಲೆ ಬಿತ್ತು. ಒಳಗಿನ ಮಾತು ಒಮ್ಮೆಲೇ ನಿಂತಿತು. ನಾನು ಬಾಗಿಲ ಹಿಂದೆ ನಿಲ್ಲುವ ಮೊದಲೇ ಎಲ್ಲರ ಮುಖವೂ ನನ್ನ ಕಡೆಗೆ ತಿರುಗಿತ್ತು.

ತಮ್ಮ ಎದ್ದು ನಿಂತ. "ಎಲ್ಲರೂ ಏಳಿ! ಕ್ಯಾಪ್ಟನ್ ಬಂದರು!"

ಪಾಪ, ನಿಮ್ಮ ಅಪ್ಪನ ತಂದೆ, ಅಷ್ಟು ಹಿರಿಯರು, ಏನೂ ಅರ್ಥವಾಗದೆ ಕೋಲು ಊರಿಕೊಂಡು ಎದ್ದೇಬಿಟ್ಟರು!

ತಮ್ಮ ನನ್ನ ಕೈಯಿಂದ ತಟ್ಟೆ ತೆಗೆದುಕೊಂಡ. ನನ್ನ ಹಿಂದೆ ಬಗ್ಗಿ ನೋಡಿ, "ಶುರುವಿನದ್ದು ಒಂದು ಯಾಕೆ ಹೊತ್ತಲಿಲ್ಲ?" ಎಂದ. ನಾನು ಬಟ್ಟೆಯ ವಿಷಯ ಎತ್ತಲಿಲ್ಲ. ಆಮೇಲೆ ಅವನು ನನಗೆ ಮಾತ್ರ ಕೇಳುವ ಹಾಗೆ ಹೇಳಿದ, "ಬಳೆ ಇಲ್ಲದಿದ್ದರೆ ಬೇಡ ಅಕ್ಕ. ನೀನು ಬರುವುದು ಇನ್ನು ಎಲ್ಲರಿಗೂ ಗೊತ್ತಾಗ್ತದೆ. ಈಗ ಒಳಗೆ ಬಾ. ಬಾಗಿಲಲ್ಲೇ ನಿಂತರೆ ಸಿನಿಮಾ ಮುಗಿಯುವುದಿಲ್ಲ."

ಕಿಟಕಿಯ ಹತ್ತಿರ, ನಿಮ್ಮ ಅಜ್ಜ ಕೂರುತ್ತಿದ್ದ ಕುರ್ಚಿಯ ಪಕ್ಕದಲ್ಲಿ, ಇನ್ನೊಂದು ಕುರ್ಚಿ ಇಟ್ಟಿದ್ದ. ನಾನು ಹೊಸ್ತಿಲು ದಾಟಿ ಹೋಗಿ ಕೂತೆ. ನನ್ನ ಲೋಟದ ಕಾಫಿ ಇನ್ನೂ ಬಿಸಿ ಇತ್ತು, ನಾಲಿಗೆ ಸುಟ್ಟುಕೊಂಡೆ. ಕಣ್ಣಲ್ಲಿ ನೀರು ಬಂದದ್ದು ಅದಕ್ಕೇ ಎಂದು ಎಲ್ಲರಿಗೂ ಹೇಳಿದೆ. ಆ ದಿನ ನನ್ನ ಮಾತಿನ ಮೇಲೆ ಯಾರೂ ಸಂಶಯಪಡಲಿಲ್ಲ.

ಮಕ್ಕಳೇ, ಇನ್ನು ನೀವು ಬರುವಾಗ ಹಿಂದಿನ ಬಾಗಿಲಿನಿಂದ ಬನ್ನಿ, ಪ್ಯಾಸೇಜಿನಲ್ಲಿ ನಡೆದು ಬನ್ನಿ. ನಾನು ಚಾವಡಿಯಲ್ಲಿ ಕೂತಿರುತ್ತೇನೆ, ನೀವು ಬರುವುದು ನನಗೆ ಬೆಳಕಿನಲ್ಲಿ ಗೊತ್ತಾಗುತ್ತದೆ. ಈ ಹಾಳೆಗಳನ್ನು ಮಾತ್ರ ಗೆದ್ದಲು ಹಿಡಿಯದ ಹಾಗೆ, ನೀರು ತಾಗದ ಹಾಗೆ ಜೋಪಾನವಾಗಿ ಇಡಿ. ಸೀಡಿ ಅಜ್ಜನ ಕೈಗೆ ಕೊಡಬೇಡಿ. ಅವನು ಇದನ್ನೂ ನಾಟಕ ಮಾಡಿ, ಈ ಸಲ ನನ್ನನ್ನೇ ಫ್ರಿಜ್ಜಿನ ಪೆಟ್ಟಿಗೆಯೊಳಗೆ ಹಾಕಿಯಾನು. ಅವನು ಇಲ್ಲದ ಕಾಲ ಒಂದು ಬಂದರೆ ಆಗ ಹೊರಗೆ ತೆಗೆಯಿರಿ. ಅವನ ಹೆಸರನ್ನು, ಅವನಿಗೆ ಬೇಕಾಗುತ್ತಿದ್ದ ಹಾಗೆಯೇ, ದಪ್ಪ ಅಕ್ಷರದಲ್ಲಿ ಮೇಲೆ ಬರೆದು ಪುನಃ ಒಳಗಿಡಿ.