ಇರುವೆ ತಿಂದ ಇಪ್ಪತ್ತು ಹನಿ

ಒಂದು ಅಚ್ಚು ಬೆಲ್ಲದಿಂದ ಶಿವಪುತ್ರಪ್ಪನ ಸರಕಾರಿ ನೌಕರಿಗೆ ಕುತ್ತು ಬಂತು. ಭಾನುವಾರ ಸಂಜೆ ಹೆಂಡತಿ ಗೌರಕ್ಕ ಆ ಬೆಲ್ಲವನ್ನು ಗೋಡೆಯ ಗೂಡಿನಲ್ಲಿ, ಗಂಡನ ಸ್ಲೈಡಿನ ಪೆಟ್ಟಿಗೆಯ ಪಕ್ಕದಲ್ಲಿಟ್ಟು ಮಲಗಿದಳು.

ಬೆಲ್ಲದ ವಾಸನೆ ಹಿಡಿದು ಇರುವೆಗಳು ಬಂದವು. ಬನವಾಸಿಯಿಂದ ಶಿರಸಿಯವರೆಗಿನ ಅಷ್ಟೂ ಇರುವೆಗಳು ಬಂದಿದ್ದವು ಎಂದರೆ ನೀವು ನಂಬಲಿಕ್ಕಿಲ್ಲ. ನಂಬದವರು ಹೋಗಿ ಇರುವೆಗಳನ್ನೇ ಕೇಳಬಹುದು. ಬಂದವು ಬೆಲ್ಲವನ್ನು ಮೂಸಿಯೂ ನೋಡದೆ ಪೆಟ್ಟಿಗೆಗೆ ನುಗ್ಗಿದವು. ಇಪ್ಪತ್ತು ಗಾಜಿನ ಪಟ್ಟಿಗಳ ಮೇಲೆ ಒಣಗಿದ್ದ ಇಪ್ಪತ್ತು ಮನುಷ್ಯರ ಇಪ್ಪತ್ತು ಹನಿ ರಕ್ತವನ್ನು ನೆಕ್ಕಿ ತೇಗಿ ಹೋದವು. ಸೋಮವಾರ ಬೆಳಿಗ್ಗೆ ಶಿವಪುತ್ರಪ್ಪ ಪೆಟ್ಟಿಗೆ ತೆರೆದಾಗ ಗಾಜುಗಳು ಹಬ್ಬಕ್ಕೆ ಬೆಳಗಿಟ್ಟ ತಂಬಿಗೆಯ ಹಾಗೆ ಹೊಳೆಯುತ್ತಿದ್ದವು.

ಅದು ಸಾವಿರದ ಒಂಬೈನೂರ ಅರವತ್ತೊಂದನೆಯ ಇಸವಿ. ದೇಶದಿಂದ ಮಲೇರಿಯಾ ಓಡಿಸುವ ಕೆಲಸ ಭರದಿಂದ ನಡೆದಿತ್ತು. ಮನೆಮನೆಗೆ ಡಿಡಿಟಿ ಹೊಡೆದು ಹೊಡೆದು, ಆ ಸೀಮೆಯ ಸೊಳ್ಳೆಗಳು ಕಣ್ಣೀರು ಹಾಕುತ್ತಾ ಗೋವೆಯ ದಾರಿ ಹಿಡಿದಿದ್ದವು. ಶಿವಪುತ್ರಪ್ಪನ ಕೆಲಸವೆಂದರೆ ಊರಿನವರ ಬೆರಳಿಗೆ ಸೂಜಿ ಚುಚ್ಚಿ, ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಹಚ್ಚಿ, ರಿಜಿಸ್ಟರಿನಲ್ಲಿ ಗಾಜಿನ ನಂಬರು, ಹೆಸರು ಬರೆದಿಡುವುದು. ಮಲೇರಿಯಾ ನಿಜವಾಗಿಯೂ ಹೋಯಿತೇ ಎಂದು ಸಂಶೋಧನೆ ಮಾಡುತ್ತಿದ್ದ ಡಾಕ್ಟರ್ ಪರಿಮಳಾ ಎಂಬವರು ಈ ಊರಿನ ಇಪ್ಪತ್ತು ಜನರ ರಕ್ತ ಬೇಕೆಂದಿದ್ದರು. ಆ ಸೋಮವಾರವೇ ಮಧ್ಯಾಹ್ನ, ತಮ್ಮ ಸೂಕ್ಷ್ಮದರ್ಶಕದೊಂದಿಗೆ ಜೀಪಿನಲ್ಲಿ ಬರುವವರಿದ್ದರು. ಸ್ಲೈಡು ತುಂಬಿಸಿಕೊಡದ ಇಬ್ಬರು, ಸಿದ್ದಾಪುರದವನೊಬ್ಬ ಯಲ್ಲಾಪುರದವನೊಬ್ಬ, ಆಗಲೇ ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತಿದ್ದರು. ಶಿವಪುತ್ರಪ್ಪ ಮೂರನೆಯವನಾಗುವ ಎಲ್ಲ ಲಕ್ಷಣವೂ ಕಾಣುತ್ತಿತ್ತು. ಎದ್ದಾಗಿನಿಂದ ಅವನ ಮೈ ಸಣ್ಣಗೆ ನಡುಗುತ್ತಿತ್ತು. ನೌಕರಿ ಹೋಗುವ ಹೊತ್ತಿಗೆ ನಡುಗದವರು ಯಾರು?

ಇಪ್ಪತ್ತು ಜನರನ್ನೂ ಮತ್ತೊಮ್ಮೆ ಚುಚ್ಚುವುದೊಂದೇ ದಾರಿ. ಅವನು ಸೂಜಿ ಹಿಡಿದು ಪಕ್ಕದ ಮನೆಯ ಗುರುಶಾಂತವ್ವನ ಕಟ್ಟೆ ಹತ್ತಿದ.

"ಆಯಿ, ಇನ್ನೊಂದು ಹನಿ ಕೊಡಬೇಕಾಗೈತಿ."

"ಹೋದ ವಾರ ಕೊಟ್ಟೀನಲ್ಲೋ! ಅದನ್ನ ಏನ ಮಾಡಿದಿ?"

ಶಿವಪುತ್ರಪ್ಪನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಬರುವವನಾಗಿದ್ದರೆ ಇಷ್ಟು ಹೊತ್ತಿಗೆ ಶಿರಸಿಯಲ್ಲಿ ಹೆಡ್ ಕ್ಲಾರ್ಕ್ ಆಗಿರುತ್ತಿದ್ದ. "ಇರುವಿ ತಿಂದ್ವು ಆಯಿ" ಎಂದುಬಿಟ್ಟ.

ಗುರುಶಾಂತವ್ವನ ಧ್ವನಿ ಸಾಮಾನ್ಯ ದಿನಗಳಲ್ಲೇ ಮೂರು ಊರಿಗೆ ಕೇಳುವಂಥದು. ಆ ದಿನ ಎಂಟು ಊರಿಗೆ ಕೇಳಿತು.

"ಇರುವಿ ತಿಂದ್ವಾ? ಎಪ್ಪತ್ತು ವರ್ಷ ರೊಟ್ಟಿ ತಿಂದು ಮಾಡಿದ ರಕ್ತಾ ಅದು! ಅದನ್ನ ಇರುವಿಗೆ ಹಾಕಿ ಬಂದೀಯಾ? ಅದರಾಗ ಇವತ್ತ ಸೋಮವಾರ. ಸೋಮವಾರ ನಾವು ಎತ್ತಿನ ಹೆಗಲಿಗೆ ನೊಗಾ ಇಡೂದಿಲ್ಲ, ನೀ ಮನಷ್ಯಾರ ಬೆರಳಿಗೆ ಸೂಜಿ ಇಡಾಕ ಬಂದೀಯಾ!"

ಕೂಗು ಕೇಳಿ ಎದುರುಮನೆಯ ದ್ಯಾಮಪ್ಪ ಬಂದ. ಎರಡು ಭತ್ತದ ಚೀಲಗಳನ್ನು ಎರಡು ಬಗಲಲ್ಲಿಟ್ಟುಕೊಂಡು ಹಾಡುತ್ತಾ ನಡೆಯುವ ಆಳು ಅವನು. ಹೋದ ವಾರ ಸೂಜಿ ಕಂಡು ಮೂರ್ಛೆ ಹೋಗಿದ್ದರಿಂದ, ಅವನ ಹನಿಯನ್ನು ಮೂರ್ಛೆಯಲ್ಲಿರುವಾಗಲೇ ತೆಗೆಯಬೇಕಾಗಿತ್ತು.

"ನನ್ನ ರಕ್ತಾ ದಿಲ್ಲಿಗೆ ಹೋಗ್ತೈತಿ ಅಂದಿದ್ದೆಲ್ಲಪಾ ಶಿವಪುತ್ರ! ಬೀಗರಿಗೆಲ್ಲಾ ಹೇಳಿಕೊಂಡು ಬಂದೀನಿ ನಾ. ಈಗ ಇರುವಿ ಹೊಟ್ಟಿಗೆ ಹೋತು ಅಂದ್ರ ಅವರ ಮುಂದ ಹೆಂಗ ಮುಖಾ ತೋರಸಲಿ?"

ಅಷ್ಟರಲ್ಲಿ ಕಿರಾಣಿ ಅಂಗಡಿಯ ಪರಮೇಶ್ವರಪ್ಪನೂ ಬಂದ. ಮೂರು ದಿನ ಹಳೆಯ ಪತ್ರಿಕೆ ಓದಿ, ಮೂರು ವರ್ಷ ಮುಂದಿನ ಸುದ್ದಿ ಹೇಳುವ ಮನುಷ್ಯ. ಅವನು ಕನ್ನಡಕ ಏರಿಸಿ, "ಇರುವಿ ಗಿರುವಿ ಏನೂ ಇಲ್ಲ. ಇಂವಾ ಮಾರಿಕೊಂಡಾನ. ಪರದೇಶದಾಗ ನಮ್ಮ ಕಡೀ ರಕ್ತಕ್ಕ ಭಾಳ ಕಿಮ್ಮತ್ತೈತಿ" ಎಂದ.

ಮುಂದಿನ ಅರ್ಧ ತಾಸಿನಲ್ಲಿ ಇಪ್ಪತ್ತೂ ಜನ ಅಲ್ಲಿ ಸೇರಿದರು. ಕೊಟ್ಟ ಹನಿಯನ್ನು ತಿರುಗಿ ಕೊಡಬೇಕೆಂದು ಗುರುಶಾಂತವ್ವ ಪಟ್ಟು ಹಿಡಿದಳು. ಬೇರೆ ಯಾರದೋ ಹನಿ ಕೊಟ್ಟರೆ ತಾನು ತೆಗೆದುಕೊಳ್ಳುವುದಿಲ್ಲವೆಂದೂ, ತನ್ನದೇ ಬೇಕೆಂದೂ ಮೊದಲೇ ಹೇಳಿಟ್ಟಳು. ಡಾಕ್ಟರು ಬಂದ ಕೂಡಲೇ ದೂರು ಕೊಡುವುದೆಂದು ಪರಮೇಶ್ವರಪ್ಪ ನಿರ್ಣಯ ಮಂಡಿಸಿದ. ಅದು ಸರ್ವಾನುಮತದಿಂದ ಪಾಸಾಯಿತು. ಗಡಿಬಿಡಿಯಲ್ಲಿ ಶಿವಪುತ್ರಪ್ಪನೂ ಕೈ ಎತ್ತಿದ್ದ.

ಕೈ ಇಳಿಸಿದವನೇ ಪೆಟ್ಟಿಗೆ ಎತ್ತಿಕೊಂಡು ತನ್ನ ಕೊಟ್ಟಿಗೆಗೆ ಓಡಿ ಅಗಳಿ ಹಾಕಿಕೊಂಡ. ಸೂರ್ಯ ನೆತ್ತಿಗೆ ಬರುತ್ತಿದ್ದ. ಇಪ್ಪತ್ತು ಗಾಜು ಬರಿದಾಗಿದ್ದವು. ಅವನ ಕೈಗೆ ಬೆರಳುಗಳಿದ್ದದ್ದು ಹತ್ತು. ಒಂದೊಂದು ಬೆರಳಿಗೆ ಎರಡೆರಡು ಸಲ ಚುಚ್ಚಿದರೆ ಇಪ್ಪತ್ತು.

ಮೊದಲ ಹನಿಗೆ 'ಅಯ್ಯೋ' ಎಂದ. ಆರನೆಯದಕ್ಕೆ 'ಶಿವಶಿವಾ' ಎಂದ. ಹನ್ನೊಂದರಿಂದ ಮುಂದೆ ಏನೂ ಅನ್ನಲಿಲ್ಲ. ಗುರುಶಾಂತವ್ವನ ನಂಬರಿನ ಗಾಜಿಗೆ ಹೆಬ್ಬೆರಳು, ದ್ಯಾಮಪ್ಪನದಕ್ಕೆ ನಡುಬೆರಳು, ಪರಮೇಶ್ವರಪ್ಪನದಕ್ಕೆ ಕಿರುಬೆರಳು, ಹೀಗೆ ಇಡೀ ಊರು ಅವನ ಎರಡು ಕೈಯಲ್ಲಿ ಅಡಗಿತು. ಮೊರದಿಂದ ಬೀಸಿ ಬೀಸಿ ಹನಿಗಳನ್ನು ಒಣಗಿಸಿದ. ಎಲ್ಲವನ್ನೂ ಕಂಡ ಎಮ್ಮೆ ಸರಕಾರಿ ವಿಷಯವೆಂದು ಸುಮ್ಮನೆ ಮೆಲುಕು ಹಾಕಿತು.

ಸರಿಯಾಗಿ ಹನ್ನೆರಡಕ್ಕೆ ಜೀಪು ಬಂತು. ಡಾಕ್ಟರ್ ಪರಿಮಳಾ ಇಳಿದರು. ಹಿಂದೆಯೇ ಗುಳಿಗೆಯ ಡಬ್ಬಿಯನ್ನು ಬಗಲಲ್ಲಿ ಅವುಚಿಕೊಂಡು ಹೆಲ್ತ್ ಇನ್ಸ್‌ಪೆಕ್ಟರ್ ವೆಂಕಟ್ರಮಣ ಇಳಿದ. ಸೂಕ್ಷ್ಮದರ್ಶಕವನ್ನು ಚಾವಡಿ ಕಟ್ಟೆಯ ಬಿಸಿಲಲ್ಲಿ ಇಡುವ ಮೊದಲೇ ಪರಮೇಶ್ವರಪ್ಪ ಮುಂದೆ ಬಂದು ಕೈಮುಗಿದ.

"ಡಾಕ್ಟರ ಬಾಯಾರ, ನಮ್ಮೆಲ್ಲಾರ ರಕ್ತಾ ಇಂವಾ ಇರುವಿಗೆ ಹಾಕ್ಯಾನಂತ. ವಿಚಾರಣಿ ಆಗಬೇಕ್ರಿ."

ಡಾಕ್ಟರು ಶಿವಪುತ್ರಪ್ಪನ ಕಡೆ ನೋಡಿದರು. ಅವನು ಪೆಟ್ಟಿಗೆ ತೆರೆದ. ಇಪ್ಪತ್ತು ಗಾಜಿನ ಮೇಲೆ ಇಪ್ಪತ್ತು ಕೆಂಪು ಬೊಟ್ಟುಗಳು ಸಾಲಾಗಿ ಕೂತಿದ್ದವು.

"ಎಲ್ಲಾ ಇದೆಯಲ್ರೀ ಇಲ್ಲಿ?" ಎಂದರು ಡಾಕ್ಟರು.

ಊರು ಬಾಯಿ ಬಿಟ್ಟಿತು. "ನೋಡಿದ್ರ್ಯಾ ಇವನ ಕಳ್ಳಬುದ್ಧೀನ!" ಎಂದ ದ್ಯಾಮಪ್ಪ. "ಇನ್ನೊಂದು ಹನಿ ಹೊಡಿಯಾಕ ಇರುವಿ ಕಥಿ ಕಟ್ಟಿದ್ದಾ!" ಗುರುಶಾಂತವ್ವ ತನ್ನ ಹನಿ ಯಾವುದೆಂದು ಕೇಳಿ, ತೋರಿಸಿದ ಮೇಲೆ, "ಹೌದು, ನಂದ ಐತಿ, ಗುರುತ ಸಿಕ್ತು" ಎಂದು ಸಮಾಧಾನಪಟ್ಟಳು.

ಶಿವಪುತ್ರಪ್ಪನ ಎದೆಯಿಂದ ಒಂದು ಗಾಡಿ ಕಲ್ಲು ಇಳಿಯಿತು. ನಡುಕ ಮಾತ್ರ ಇಳಿಯಲಿಲ್ಲ.

ಡಾಕ್ಟರು ಗಾಜುಗಳನ್ನು ಬಣ್ಣದಲ್ಲಿ ಅದ್ದಿ, ತೊಳೆದು ಒಣಗಿಸಿ, ಮೊದಲನೆಯದರ ಮೇಲೆ ಕಣ್ಣಿಟ್ಟರು. ಹುಬ್ಬು ಮೇಲೆ ಹೋಯಿತು. ಎರಡನೆಯದನ್ನು ನೋಡಿದರು, ಹುಬ್ಬು ಅಲ್ಲಿಯೇ ನಿಂತಿತು. ಹತ್ತನೆಯದಕ್ಕೆ ಬಾಯಾರಿ ನೀರು ಕುಡಿದರು. ಇಪ್ಪತ್ತನೆಯದು ಮುಗಿದಾಗ ಎದ್ದೇ ನಿಂತರು.

"ವೆಂಕಟ್ರಮಣ ಅವರೇ, ಎರಡು ವರ್ಷದಿಂದ ಈ ಸೀಮೆಯಲ್ಲಿ ಮಲೇರಿಯಾ ಮುಗೀತು ಅಂತ ಬರೀತಾ ಇದೀನಿ. ಇಲ್ಲಿ ಇಪ್ಪತ್ತಕ್ಕೆ ಇಪ್ಪತ್ತು ಜನಕ್ಕೂ ಮಲೇರಿಯಾ! ಇಂಥಾದ್ದು ಯಾವ ದೇಶದಲ್ಲೂ ಆಗಿಲ್ಲ. ಅದೂ ಎಲ್ಲರಲ್ಲೂ ಒಂದೇ ಜಾತಿ ಕ್ರಿಮಿ, ಒಂದೇ ಪ್ರಮಾಣ. ಅಚ್ಚು ಹಾಕಿದ ಹಾಗಿದೆ. ಹೇಗೆ ಸಾಧ್ಯ ಇದು?"

ಶಿವಪುತ್ರಪ್ಪ ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿದ. ಆಗ ಅವನನ್ನು ಕಾಪಾಡಿದವನು ಪರಮೇಶ್ವರಪ್ಪ.

"ಆಗಲೇಬೇಕಲ್ರಿ ಬಾಯಾರ. ಎಲ್ಲಾರೂ ಒಂದ ಬಾವಿ ನೀರು ಕುಡಿಯೂ ಮಂದಿ ನಾವು. ನಮ್ಮ ಊರಾಗ ಭೇದ ಇಲ್ರಿ."

ಡಾಕ್ಟರು ಅದನ್ನು ಬರೆದುಕೊಂಡರು.

ಅಲ್ಲಿಯವರೆಗೆ ಕಲ್ಲುಗುಂಡಿನ ಹಾಗಿದ್ದ ದ್ಯಾಮಪ್ಪ, "ನಂಗೂ ಐತೇನ್ರಿ?" ಎಂದು ಕೇಳಿದ. ಡಾಕ್ಟರು ಇದೆ ಎಂದ ಕೂಡಲೇ ನಿಂತಲ್ಲೇ ಕುಸಿದು, ಹಲ್ಲು ಕಡಿಯುತ್ತಾ ಹೊದಿಕೆ ಕೇಳಿದ. ಗುರುಶಾಂತವ್ವ ನರಳತೊಡಗಿದಳು. ಪರಮೇಶ್ವರಪ್ಪ ತನಗೆ ಮೂರು ತಿಂಗಳಿಂದಲೇ ಅನುಮಾನವಿತ್ತು ಎಂದ. ಗಳಿಗೆಯೊಳಗೆ ಊರಿನ ಕಂಬಳಿಗಳೆಲ್ಲ ಚಾವಡಿಗೆ ಬಂದವು. ಇಪ್ಪತ್ತು ಜನ ನಡುಗಿದ ರಭಸಕ್ಕೆ ಚಾವಡಿಯ ಹೆಂಚು ಸರಿದವು. ವೆಂಕಟ್ರಮಣ ಒಬ್ಬೊಬ್ಬರ ಹೆಸರು ಕೂಗಿ, ಬಾಯಿ ತೆರೆಸಿ, ಗುಳಿಗೆ ನುಂಗಿಸುತ್ತಾ ಹೋದ.

ಈ ಗದ್ದಲದ ನಡುವೆ ಶಿವಪುತ್ರಪ್ಪನ ತಲೆಯಲ್ಲಿ ಒಂದು ವಿಚಾರ ಬಸವನಹುಳುವಿನ ವೇಗದಲ್ಲಿ ಹೊರಟು ಕೊನೆಗೂ ಮುಟ್ಟಿತು. ಇಪ್ಪತ್ತು ಹನಿಯಲ್ಲೂ ಮಲೇರಿಯಾ ಇದೆ. ಇಪ್ಪತ್ತು ಹನಿಯೂ ತನ್ನದು. ಹಾಗಾದರೆ ಬೆಳಗಿನಿಂದ ಈ ನಡುಕ...

ಅವನು ಡಾಕ್ಟರ ಹತ್ತಿರ ಹೋಗಿ, "ಮೇಡಂ, ನಂಗೂ ಸ್ವಲ್ಪ ಚಳಿ ಅನಸ್ತೈತ್ರಿ. ಒಂದೆರಡು ಗುಳಿಗಿ..." ಎಂದ. ಅವನ ಹಲ್ಲುಗಳು ಚಂಡೆ ಬಡಿಯುತ್ತಿದ್ದವು.

"ಅದಕ್ಕೇನಂತೆ, ಕೊಡೋಣ" ಎಂದರು ಡಾಕ್ಟರು ಮರುಕದಿಂದ. "ಆದರೆ ಸ್ಲೈಡ್ ಇಲ್ಲದೆ ಯಾರಿಗೂ ಗುಳಿಗೆ ಇಲ್ಲ, ನಿಮಗೇ ಗೊತ್ತಲ್ಲ. ಎಲ್ಲಿ, ಬೆರಳು ತೋರಿಸಿ. ನಾನೇ ಚುಚ್ತೀನಿ."

ಶಿವಪುತ್ರಪ್ಪ ಚಾಚಲು ಹೊರಟ ಕೈಯನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡು ಎರಡೂ ಮುಷ್ಟಿಗಳನ್ನು ಕಿಸೆಯಲ್ಲಿ ತುರುಕಿದ. ಹತ್ತು ಬೆರಳಿಗೂ ಎರಡೆರಡು ಹಸಿ ತೂತು. ತೋರಿಸಿದರೆ ಗುಳಿಗೆ ಸಿಗುತ್ತದೆ, ನೌಕರಿ ಹೋಗುತ್ತದೆ.

"ಬ್ಯಾಡ್ರಿ ಮೇಡಂ" ಎಂದ ನಡುಗುತ್ತಾ. "ನಂಗ... ಸೂಜಿ ಅಂದ್ರ ಹೆದರಿಕಿ."

ಚಾವಡಿಯಲ್ಲಿ ಎದ್ದ ನಗೆ ಶಿರಸಿಯ ಬಸ್ ಸ್ಟ್ಯಾಂಡಿಗೆ ಕೇಳಿತೆಂದು ಕೇಳಿದವರೇ ಹೇಳಿದ್ದಾರೆ. ದ್ಯಾಮಪ್ಪ ಜ್ವರ ಮರೆತು ಹೊಟ್ಟೆ ಹಿಡಿದುಕೊಂಡ. ಡಾಕ್ಟರು ನಗು ತಡೆದುಕೊಂಡು, ಈ ಊರಿನವರು ಗುಣವಾಗುವ ತನಕ ವೆಂಕಟ್ರಮಣ ಇಲ್ಲಿಯೇ ಇದ್ದು ಗುಳಿಗೆ ಕೊಡಲಿ, ಶಿವಪುತ್ರಪ್ಪ ನಾಳೆಯಿಂದ ಪಕ್ಕದ ಊರಿನ ಇಪ್ಪತ್ತು ಜನರ ರಕ್ತ ತೆಗೆಯಲಿ ಎಂದು ಹೇಳಿ ಜೀಪು ಹತ್ತಿದರು.

ನೌಕರಿ ಉಳಿಯಿತು. ಉಳಿದ ನೌಕರಿಯನ್ನೂ ಏರಿದ ಜ್ವರವನ್ನೂ ಹೊತ್ತುಕೊಂಡು ಶಿವಪುತ್ರಪ್ಪ ಗೋಡೆ ಹಿಡಿದು ಹಿಡಿದು ಮನೆ ಸೇರಿ, ಜಗಲಿಯ ಮೇಲೆ ಮುದುಡಿ ಬಿದ್ದ.

"ಗೌರೀ, ಒಂದು ಕಂಬಳಿ ಹಾಕ."

"ಎಲ್ಲೀ ಕಂಬಳಿ?" ಎಂದಳು ಗೌರಕ್ಕ ಒಳಗಿನಿಂದ. "ಇದ್ದಿದ್ದೊಂದನ್ನೂ ಗುರುಶಾಂತವ್ವಾಯಿಗೆ ಕೊಟ್ಟ ಬಂದೆ. ಪಾಪ, ಆಕಿಗೆ ಮಲೇರಿಯಾ ಅಂತ."