ರಾಣಿಗೆ ಮಡಿಲು ತುಂಬಿದ್ದು

ಮೋಕ್ಷಿತಾ, ಚಿರಂತ್, ನಿಮ್ಮಿಬ್ಬರಿಗೆ ನಾನು ಎರಡು ವರ್ಷದಿಂದ ಒಂದು ಸುಳ್ಳು ಹೇಳಿಕೊಂಡು ಬಂದಿದ್ದೇನೆ. ಎದುರಿಗೆ ಕೂರಿಸಿಕೊಂಡು ಹೇಳೋಣವೆಂದರೆ ನನ್ನ ಸ್ವಭಾವ ನಿಮಗೆ ಗೊತ್ತೇ ಇದೆ. ಬಸ್ಸಿನಲ್ಲಿ ನಾನು ಇಳಿಯಬೇಕಾದ ಊರು ಬಂದರೂ ‘ನಿಲ್ಲಿಸಪ್ಪ’ ಅನ್ನಲು ನಾಚಿಕೆಯಾಗಿ, ಮುಂದಿನ ಊರಿನವರೆಗೂ ಹೋಗಿ ನಡೆದುಕೊಂಡು ವಾಪಸ್ಸು ಬಂದವಳು ನಾನು. ಸಂತೆಯಲ್ಲಿ ಹುಳುಕು ಬದನೆಕಾಯಿ ಕೊಟ್ಟರೆ ಮಾತಾಡದೆ ತಂದು ಹಸುವಿಗೆ ಹಾಕುತ್ತೇನೆ. ಇಂಥವಳು ಏಳನೇ ಕ್ಲಾಸಿನವರೆಗೆ ಕಲಿತ ಅಕ್ಷರವನ್ನೇ ನಂಬಿಕೊಂಡು ಬರೆಯಲು ಕೂತಿದ್ದೇನೆ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲ, ಅದೊಂದು ಅನುಕೂಲ. ಈ ಸಲ ರಜಕ್ಕೆ ಬಂದಾಗ ಹಿತ್ತಲಿನ ಸಿಮೆಂಟು ತೊಟ್ಟಿಯೊಳಗೆ ಬಗ್ಗಿ ನೋಡಿ ನೀವು ಕಿರುಚಬಾರದಲ್ಲ, ಅದಕ್ಕೂ ಮುಂಚೆ ವಿಷಯ ತಿಳಿದಿರಲಿ.

ನೀವು ಕನಕಪುರದಲ್ಲಿ ಬಾಡಿಗೆ ಮನೆ ಬದಲಾಯಿಸಿದಾಗ ನಿಮ್ಮ ಮೀನಿನ ಗಾಜಿನ ಪೆಟ್ಟಿಗೆಯನ್ನು ನನ್ನ ಹತ್ತಿರ ಬಿಟ್ಟು ಹೋದಿರಿ. ಅಂಗಡಿಯಿಂದ ತಂದಿದ್ದ ಮೀನಿನ ಕಾಳು ಮುಗಿದ ಮೇಲೆ ಕಿತ್ತಳೆ ಬಣ್ಣದವಕ್ಕೆ ನಾನು ರಾಗಿಮುದ್ದೆಯ ಚೂರು ಹಾಕಿದೆ. ನಮ್ಮ ಮನೆಯಲ್ಲಿ ಮುದ್ದೆ ತಿಂದು ಅಲ್ಲಿಯವರೆಗೆ ಯಾರೂ ಸತ್ತಿರಲಿಲ್ಲ. ಅವು ಮಾತ್ರ ಒಂದೊಂದಾಗಿ ಹೋದವು. ಉಳಿದದ್ದು ರಾಣಿ, ಗೌರಿ. ಕಪ್ಪಗೆ, ಮೈತುಂಬ ಚುಕ್ಕೆ, ಗಾಜಿಗೆ ಬಾಯಿ ಅಂಟಿಸಿಕೊಂಡು ಪಾಚಿ ತಿನ್ನುವ ಎರಡು ಮೀನುಗಳು. ಅಂಗಡಿಯವನು ಅವನ್ನು ‘ಕ್ಲೀನರ್’ ಎಂದಿದ್ದನಂತೆ. ಖಾಸಗಿ ಬಸ್ಸಿನ ಕ್ಲೀನರ್ ಬಾಗಿಲಿಗೆ ಜೋತುಬಿದ್ದ ಹಾಗೆಯೇ ಇದ್ದವು.

ಮಧ್ಯಾಹ್ನ ಕೆಲಸ ಮುಗಿಸಿ ನಾನು ಆ ಪೆಟ್ಟಿಗೆಯ ಮುಂದೆ ಕೂರುತ್ತಿದ್ದೆ. ಪಕ್ಕದ ಕೋಣೆಯಲ್ಲಿ ರೇಷ್ಮೆಹುಳುಗಳು ಸೊಪ್ಪು ತಿನ್ನುವ ಸದ್ದು, ದೂರದಲ್ಲೆಲ್ಲೋ ಮಳೆ ಬರುತ್ತಿರುವ ಹಾಗೆ. ಆ ಸದ್ದಿನಲ್ಲಿ ರಾಣಿ ಸೆರಗು ಬೀಸಿದಂತೆ ಬಾಲ ಬೀಸಿ ಈ ಮೂಲೆಯಿಂದ ಆ ಮೂಲೆಗೆ ಹೋಗುತ್ತಿದ್ದಳು. ನೋಡುತ್ತ ನೋಡುತ್ತ ನನಗೂ ನೀರೊಳಗೆ ಕೂತಂತಾಗಿ, ಒಲೆಯ ಮೇಲಿಟ್ಟ ಹಾಲು ಎಷ್ಟೋ ಸಲ ಉಕ್ಕಿ ಹೋಗಿದೆ. ನಿಮ್ಮ ತಾತ ಹೋದ ಮೇಲೆ, ನಾನು ಮಾತಾಡದಿದ್ದರೂ ಬೇಸರ ಮಾಡಿಕೊಳ್ಳದ ಜೊತೆ ಸಿಕ್ಕಿದ್ದು ಅವರಿಬ್ಬರದೇ.

ಆದರೆ ಕರೆಂಟು ಹೋದರೆ ಗುಳ್ಳೆ ಬಿಡುವ ಮೋಟರು ನಿಲ್ಲುತ್ತಿತ್ತು. ನಮ್ಮೂರಲ್ಲಿ ಕರೆಂಟು ಬರುವುದೇ ನೆಂಟರ ಹಾಗೆ. ಅವು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಮೇಲಾಗಿ ಬೆಳೆದೂ ಇದ್ದವು. ಅಷ್ಟು ದೊಡ್ಡ ಕೆರೆ ಊರ ಮುಂದೆ ಇರುವಾಗ ಮೊಳದುದ್ದದ ಪೆಟ್ಟಿಗೆಯಲ್ಲಿ ಯಾಕೆ ನರಳಬೇಕು? ಕಳಿಸಿಕೊಡೋಣ ಎಂದುಕೊಂಡೆ. ನಮ್ಮ ಕಡೆ ಹೆಣ್ಣುಮಗಳನ್ನು ಬರಿಗೈಯಲ್ಲಿ ಕಳಿಸುವುದುಂಟೇ? ಮಡಿಲು ತುಂಬಬೇಕು. ನಾನು ಕುಂಕುಮ ಇಡಬಾರದೆಂದು ಈಗ ಯಾರೂ ಹೇಳುವುದಿಲ್ಲ, ನಾನೇ ಹಿಂಜರಿಯುತ್ತೇನೆ. ಅದಕ್ಕೆ ಪಕ್ಕದ ಮನೆಯ ಪುಟ್ಟಮ್ಮನನ್ನು ಕರೆದೆ.

“ಜಯಕ್ಕ, ಮೀನಿಗೆ ಮಡ್ಲು ಎಲ್ಲೈತೆ ತುಂಬಕ್ಕೆ?” ಅಂದಳು ಅವಳು, ಬಕೆಟ್ಟಿನೊಳಗೆ ಬಗ್ಗಿ.

“ಬಕೀಟ್ನೇ ಮಡ್ಲು ಅನ್ಕೊಳ್ಳೆ.”

“ಸರಿ ಬುಡು. ಹೆಣ್ಣು ಅಂತಾದ್ರೂ ಗೊತ್ತಾ? ಗಂಡಾಗಿದ್ರೆ ನಮ್ ಮಾನ ಹೋಯ್ತದೆ.”

ಬಕೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿ, ಹಿಡಿ ಅಕ್ಕಿ, ಎರಡು ವೀಳ್ಯದೆಲೆ ಬಿಟ್ಟು, ಕೆರೆಯ ಮೆಟ್ಟಿಲಲ್ಲಿ ಮೆಲ್ಲಗೆ ಬಗ್ಗಿಸಿದೆವು. ಎರಡೂ ತಿರುಗಿ ನೋಡದೆ ಹೋದವು. ನಾನು ಕಣ್ಣೊರೆಸಿಕೊಂಡೆ, ನನ್ನನ್ನು ನೋಡಿ ಪುಟ್ಟಮ್ಮನೂ ಒರೆಸಿಕೊಂಡಳು. ನಿಮಗೆ ಮಾತ್ರ ‘ವಿರೂಪಾಕ್ಷಿಪುರದಲ್ಲಿ ದೊಡ್ಡ ತೊಟ್ಟಿ ಇರುವವರ ಮನೆಗೆ ಕೊಟ್ಟೆ’ ಎಂದು ಫೋನಿನಲ್ಲಿ ಹೇಳಿದೆ. ಕೆರೆಗೆ ಬಿಟ್ಟೆ ಅಂದರೆ ನೀವು ಅಳುತ್ತೀರಿ ಎಂದು. ಆಮೇಲೆ ಎಷ್ಟೋ ದಿನ, ಕಣ್ಣು ಮುಚ್ಚಿದರೆ ಸಾಕು, ಅವರಿಬ್ಬರೂ ಕೆರೆಯ ತಳದಲ್ಲಿ ಮನೆ ಮಾಡಿಕೊಂಡು, ಹಸಿರು ಬೆಳಕಿನಲ್ಲಿ ಅಂಗಳ ಗುಡಿಸುತ್ತಿರುವುದು ಕಾಣುತ್ತಿತ್ತು. ನೆಮ್ಮದಿಯಾಗಿ ನಿದ್ದೆ ಬರುತ್ತಿತ್ತು.

ನಮ್ಮ ಕೆರೆಯಲ್ಲಿ ಮರಿ ಬಿಟ್ಟು ಮೀನು ಹಿಡಿಯುವವನು ಮರಿಯಪ್ಪ. ಮೊದಲ ವರ್ಷವೇ ಅವನ ಬಲೆ ಎಲ್ಲೆಲ್ಲೋ ಸಿಕ್ಕಿಕೊಂಡು ಹರಿಯತೊಡಗಿತು. ಎರಡನೇ ವರ್ಷ, ಕೆರೆಯಲ್ಲಿ ಮೊದಲಿಂದಲೂ ಇದ್ದ ಸಣ್ಣ ಸಸಲು ಮೀನಿನ ಮರಿಗಳೇ ಕಾಣಲಿಲ್ಲ. “ಈ ಸಲಾನೂ ಹಿಂಗೇ ಆದ್ರೆ ಕೆರೆ ಬುಟ್ಟು ಗಾರೆ ಕೆಲ್ಸಕ್ಕೆ ಹೋಯ್ತೀನಿ” ಎಂದು ಅವನು ಅರಳಿಕಟ್ಟೆಯಲ್ಲಿ ಹೇಳುತ್ತಿದ್ದುದನ್ನು ಕೇಳಿ ಪಾಪ ಅಂದುಕೊಂಡು ನಾನು ಮನೆಗೆ ಬಂದಿದ್ದೆ.

ಈ ಬೇಸಿಗೆಯಲ್ಲಿ ನೀರು ಇಳಿದಾಗ, ಒಂದು ಬೆಳಿಗ್ಗೆ ಕೆರೆಯ ಏರಿಯ ಮೇಲೆ ಜನ ಸೇರಿದ್ದರು. ಬಟ್ಟೆ ಒಗೆಯಲು ಹೋಗಿದ್ದ ನಾನೂ ಪುಟ್ಟಮ್ಮನೂ ಹೆಂಗಸರ ಹಿಂದೆ ನಿಂತು ಇಣುಕಿದೆವು. ಬಲೆಯ ನಡುವೆ ಮೊಳಕ್ಕಿಂತ ಉದ್ದದ ಕರಿ ಮೀನು, ಮೈಯೆಲ್ಲ ಚುಕ್ಕೆ. ಬೆನ್ನಿನ ಮುಳ್ಳಿಗೆ ಬಲೆ ಚಿಂದಿಯಾಗಿತ್ತು. ನನ್ನ ಕೈಲಿದ್ದ ಸೋಪು ಜಾರಿ ಬಿತ್ತು. ರಾಣಿ!

ಮರಿಯಪ್ಪ ಕಲ್ಲು ಎತ್ತಿದ್ದ. ಗಂಗಮ್ಮನ ಗುಡಿಯ ಪೂಜಾರಿ ಕೈ ಅಡ್ಡ ಹಿಡಿದರು: “ಲೇ, ಕಲ್ ಇಳುಸ್ಲಾ! ಮೈಮೇಲೆ ನೋಡ್ಲಾ, ಯಂತ್ರ ಬರ್ದಂಗೈತೆ. ಗಂಗವ್ವನೇ ಕಳ್ಸವ್ಳೆ. ಅರಿಶಿನ ಕುಂಕುಮ ಇಟ್ಟು ವಾಪಸ್ ನೀರಿಗೆ ಬುಡು.”

ಮರಿಯಪ್ಪ ಕಲ್ಲು ಕೆಳಗಿಳಿಸಿದ. ಯಾರೋ ಆಗಲೇ ಕುಂಕುಮ ತರಲು ಓಡಿದರು. ಎರಡು ವರ್ಷದಿಂದ ಅವನ ಬಲೆ ಹರಿಯುತ್ತಿದ್ದದ್ದು ಯಾರಿಂದ ಎಂದು ನನಗೆ ಆಗ ಹೊಳೆಯಿತು. ನಾನು ಮಾತಾಡದಿದ್ದರೆ ರಾಣಿ ಬದುಕುತ್ತಾಳೆ, ಮರಿಯಪ್ಪನ ಬದುಕು ನೀರುಪಾಲಾಗುತ್ತದೆ. ಮಾತಾಡಿದರೆ ಕಲ್ಲು ಮತ್ತೆ ಮೇಲೇಳುತ್ತದೆ. ಅಷ್ಟು ಗಂಡಸರ ಮುಂದೆ ನಾನು ಯಾವತ್ತೂ ಬಾಯಿ ಬಿಟ್ಟವಳಲ್ಲ. “ಬುಡಬ್ಯಾಡ್ರಪ್ಪಾ” ಅಂದೆ. ನನಗೇ ಕೇಳಿಸಲಿಲ್ಲ. ಇನ್ನೊಂದು ಸಲ ಅಂದಾಗ ಎಷ್ಟು ಜೋರಾಗಿತ್ತೆಂದರೆ, ಯಾರು ಕೂಗಿದ್ದೆಂದು ನಾನೇ ತಿರುಗಿ ನೋಡಿದೆ.

“ಅದುನ್ನ ಗಂಗವ್ವ ಕಳ್ಸಿಲ್ಲ. ನಾನು ಕಳ್ಸಿದ್ದು. ಅದು ನಮ್ಮನೇದು.”

“ಹೂಂ, ಮಡ್ಲಕ್ಕಿ ಹಾಕ್ದೋಳು ನಾನೇ!” ಅಂದಳು ಪುಟ್ಟಮ್ಮ, ಸನ್ಮಾನಕ್ಕೆ ಕರೆದವರ ಹಾಗೆ ಮುಂದೆ ಬಂದು.

ಏರಿ ತುಂಬ ನಗು. ಪೂಜಾರಪ್ಪನೂ ನಕ್ಕುಬಿಟ್ಟರು. ನಗದವನು ಮರಿಯಪ್ಪ ಒಬ್ಬನೇ. ಬೈದಿದ್ದರೆ ಚೆನ್ನಾಗಿರುತ್ತಿತ್ತು. “ದೊಡ್ಡವ್ವ,” ಅಂದ ಮೆಲ್ಲಗೆ, “ನಮ್ ಬಾಮೈದನ ಕೆರೇಲೂ ಯಾರೋ ಇದ್ನೇ ಬುಟ್ಟು ಹಾಳ್ ಮಾಡವ್ರೆ. ಬ್ಯಾರೆ ಮೀನಿನ ಮೊಟ್ಟೆ ಉಳ್ಸಕಿಲ್ಲ. ಏರಿ ಒಳಗೆ ಬಿಲ ತೋಡಿ ಮರಿ ಮಾಡ್ತದೆ. ಮಾರಾನ ಅಂದ್ರೆ ಯಾರೂ ತಗಳಕಿಲ್ಲ. ಎಷ್ಟ್ ಬುಟ್ಟಿದ್ದೆ?”

“ಎರಡು.”

“ಇನ್ನೊಂದು?”

ನಾನು ಕೆರೆಯ ಕಡೆ ನೋಡಿದೆ. ನೀರು ಏನೂ ಗೊತ್ತಿಲ್ಲದ ಹಾಗೆ ಮಿನುಗುತ್ತಿತ್ತು.

ಕಲ್ಲು ಮತ್ತೆ ಮೇಲೇಳಲಿಲ್ಲ. ಇನ್ನು ಕೆರೆಗೆ ಬಿಡುವುದಿಲ್ಲ ಎಂದು ಮರಿಯಪ್ಪನಿಗೆ ಮಾತು ಕೊಟ್ಟು, ರಾಣಿಯನ್ನು ಬಟ್ಟೆಯ ಬಕೆಟ್ಟಿನಲ್ಲೇ ಮನೆಗೆ ತಂದೆ. ಈಗ ಹಿತ್ತಲಿನ ತೊಟ್ಟಿಯ ಪಾಚಿಯೆಲ್ಲ ತಿಂದು ಹಾಯಾಗಿದ್ದಾಳೆ. “ತವ್ರಿಗೆ ಬಂದೋಳ್ನ ಇನ್ನು ಕಳ್ಸಂಗಿಲ್ಲ ಕಣಕ್ಕ” ಎನ್ನುತ್ತಾಳೆ ಪುಟ್ಟಮ್ಮ. ನಾನು ದಿನಾ ಮಧ್ಯಾಹ್ನ ಮರಿಯಪ್ಪನ ಹರಿದ ಬಲೆಗೆ ದಾರ ಹಾಕುತ್ತ ತೊಟ್ಟಿಯ ಪಕ್ಕ ಕೂತಿರುತ್ತೇನೆ. ಹೆಣ್ಣು ಕೊಡುವಾಗ ಆ ಮನೆ ಹೇಗಿದೆ ಎಂದು ವಿಚಾರಿಸುತ್ತೇವೆ. ನಾನೂ ವಿಚಾರಿಸಿದ್ದೆ, ಕೆರೆ ದೊಡ್ಡದು, ನೀರು ಒಳ್ಳೆಯದು ಎಂದು. ಈ ಸೊಸೆ ಬಂದರೆ ಆ ಮನೆಯ ಸಸಲು ಮೀನುಗಳ ಗತಿಯೇನು ಎಂದು ಮಾತ್ರ ಕೇಳಲಿಲ್ಲ. ಅವೂ ನನ್ನ ಹಾಗೆ, ಬಾಯಿ ಬಿಟ್ಟು ಹೇಳುವವಲ್ಲ.

ಈಗ ನನಗೆ ಬೀಳುವ ಕನಸೇ ಬೇರೆ. ಗೌರಿ ಏರಿಯೊಳಗೆ ತಣ್ಣಗೆ ಕೂತು ಒಂದೊಂದೇ ಕೋಣೆ ಕಟ್ಟಿಸುತ್ತಿದ್ದಾಳೆ. ಒಂಟಿಯಾಗಿದ್ದರೆ ಮರಿಯಾಗುವುದಿಲ್ಲ ಎಂದು ಮರಿಯಪ್ಪ ಸಮಾಧಾನ ಹೇಳುತ್ತಾನೆ. ಅವಳು ಒಂಟಿಯೋ ಅಲ್ಲವೋ ಯಾರು ಕಂಡವರು? ಅದಕ್ಕೇ ಬಲೆ ಎಳೆಯುವ ದಿನ ಎಲ್ಲರಿಗಿಂತ ಮೊದಲು ಹೋಗಿ, ಗಂಡಸರನ್ನು ಸರಿಸಿ ಮುಂದೆ ನಿಲ್ಲುತ್ತೇನೆ. ನಾಚಿಕೆಯ ಜಯಮ್ಮ ಎಂದು ಊರಲ್ಲಿ ನನಗಿದ್ದ ಹೆಸರು ಆ ಮೀನಿನಿಂದಾಗಿ ಹೋಯಿತು. ಆದರೂ ಬಸ್ಸು ನಿಲ್ಲಿಸಲು ಇನ್ನೂ ಬಾಯಿ ಬರುವುದಿಲ್ಲ, ಅದು ಬೇರೆ ಮಾತು.

ಮಕ್ಕಳೇ, ಈ ಹಾಳೆಗಳನ್ನು ಒದ್ದೆಯಾಗದ ಕಡೆ ಜೋಪಾನವಾಗಿಡಿ. ನಾನಿಲ್ಲದ ಯಾವುದೋ ಬೇಸಿಗೆಯಲ್ಲಿ ಗೌರಿ ಬಲೆಗೆ ಸಿಕ್ಕಿ, ಅವಳನ್ನು ದೇವರು ಮಾಡಿ ಯಾರಾದರೂ ನೀರಿಗೆ ಬಿಡಲು ಹೊರಟರೆ, ‘ಅದು ನಮ್ಮನೇದು’ ಎಂದು ಹೇಳಲು ಒಬ್ಬರಾದರೂ ಇರಬೇಕಲ್ಲ.