ಶೇಂಗಾ ಕಾಳು ಮತ್ತು ರಾಷ್ಟ್ರಮಟ್ಟದ ಪಠ್ಯಕ್ರಮ

ಮಧ್ಯಾಹ್ನ ಹನ್ನೆರಡೂಕಾಲಿಗೆ ನಾನು ನಮ್ಮ ಕಾಲೇಜಿನ ಭೌತಶಾಸ್ತ್ರ ವಿಭಾಗದ ಪಡಸಾಲೆಯಲ್ಲಿ, ಕರಿಹಲಗೆಯ ಎಡಮಗ್ಗುಲಿಗೆ, ಬಲಗೈಯಲ್ಲಿ ಹೊಸ ಸೀಮೆಸುಣ್ಣ ಹಿಡಿದು ನಿಂತಿದ್ದೆ. ಊರು ಗದಗ, ತಿಂಗಳು ಫೆಬ್ರವರಿ. ವರ್ಷ ಎಂಬತ್ನಾಲ್ಕೋ ಎಂಬತ್ತೈದೋ ಖಾತ್ರಿಯಿಲ್ಲ; ಖಾತ್ರಿಯಿಲ್ಲದ್ದನ್ನು ಖಾತ್ರಿಯಿಲ್ಲ ಎಂದೇ ಹೇಳುತ್ತೇನೆ. ಕಣ್ಣಾರೆ ಕಂಡವನು ನಿಧಾನವಾಗಿ ಹೇಳಬೇಕು ಎಂಬುದು ನನ್ನ ನಂಬಿಕೆ. ಮನೆಯಲ್ಲಿ ಇದಕ್ಕೆ ಬೇರೆ ಹೆಸರಿದೆ. ಹಾಲು ಉಕ್ಕಿದ್ದನ್ನು ನಾನು ಹೇಳಿ ಮುಗಿಸುವುದರೊಳಗೆ ಒಲೆ ತೊಳೆದು ಆಗಿರುತ್ತದೆ ಎಂದು ನನ್ನ ಹೆಂಡತಿ ಅನ್ನುತ್ತಾಳೆ. ಇರಲಿ.

ನಾನಾಗ ಆ ವಿಭಾಗದಲ್ಲಿ ಡೆಮಾನ್‌ಸ್ಟ್ರೇಟರ್. ಆದರೆ ಆ ದಿನ ನಾನು ಡೆಮಾನ್‌ಸ್ಟ್ರೇಟರ್ ಆಗಿ ನಿಂತಿರಲಿಲ್ಲ. ನಾನು ಪ್ರಿಂಟರ್ ಆಗಿದ್ದೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಗಣಿತದ ಜೋಶಿ ಸರ್ ನಮ್ಮಲ್ಲಿ ಕಂಪ್ಯೂಟರ್ ಫೌಂಡೇಶನ್ ಕೋರ್ಸು ಶುರುಮಾಡಿದ್ದರು. ಹುಡುಗರಿದ್ದರು, ಪಾಠವಿತ್ತು, ಕಂಪ್ಯೂಟರ್ ಮಾತ್ರ ಇರಲಿಲ್ಲ. ಮೊದಲ ವರ್ಷ ಇದು ಯಾರಿಗೂ ದೊಡ್ಡ ಕೊರತೆ ಅನ್ನಿಸಲಿಲ್ಲ. ಎರಡನೆಯ ವರ್ಷ ದಿಲ್ಲಿಯಿಂದ ಒಂದು ದಪ್ಪ ಲಕೋಟೆ ಬಂತು: ಇನ್ನು ಮುಂದೆ ಇಂಥ ಕೋರ್ಸುಗಳೆಲ್ಲ ರಾಷ್ಟ್ರಮಟ್ಟದ ಪಠ್ಯಕ್ರಮಕ್ಕೆ ಹೊಂದಿಕೊಳ್ಳಬೇಕು, ಸಮಿತಿಯವರು ಬಂದು ನೋಡುತ್ತಾರೆ, ಹೊಂದದಿದ್ದರೆ ಕೋರ್ಸು ಬಂದ್. ಜೋಶಿ ಸರ್ ಎಡಗಡೆ ದಿಲ್ಲಿಯವರು ಕೇಳಿದ್ದು, ಬಲಗಡೆ ನಮ್ಮಲ್ಲಿರುವುದು ಎಂದು ಗೆರೆ ಹೊಡೆದು ಬರೆಯಲು ಕುಳಿತರು. ಪ್ರಿನ್ಸಿಪಾಲ ಪಾಟೀಲರು ಹೆಗಲ ಮೇಲಿಂದ ಬಗ್ಗಿ ನೋಡಿ, "ಎಲ್ಲಾದರ ಮುಂದ 'ಐತಿ' ಅಂತ ಬರೀರಿ. ಕೇಳಿದವರಿಗೆ ಇಲ್ಲ ಅನ್ನೂದು ನಮ್ಮ ಕಡೆ ಪದ್ಧತಿ ಅಲ್ಲ" ಅಂದರು. ಜೋಶಿ ಸರ್ ಸುಳ್ಳು ಬರೆಯುವವರಲ್ಲ. ಎಣಿಸುವ ಭಾಗದ ಎದುರು ಕೋರ್ಸಿನ ಒಬ್ಬ ವಿದ್ಯಾರ್ಥಿನಿಯ ಹೆಸರು ಬರೆದರು: ಸುವರ್ಣಾ. ಕೂಡಿಸುವ ಭಾಗ: ಮಲ್ಲಿಕಾರ್ಜುನ. ಸೂಚನೆ ಓದುವ ಭಾಗ: ಬಸವರಾಜ. ಉತ್ತರ ಹೊರಗೆ ಕೊಡುವ ಭಾಗದ ಎದುರು ನನ್ನ ಹೆಸರು. ಇಷ್ಟು ವರ್ಷದ ನೌಕರಿಯಲ್ಲಿ ರಾಷ್ಟ್ರಮಟ್ಟದ ಕಾಗದದಲ್ಲಿ ನನ್ನ ಹೆಸರು ಬಂದದ್ದು ಅದೊಂದೇ ಸಲ.

ಯಂತ್ರ ನಡೆಯುವ ರೀತಿ ಸರಳ. ಎಂಟಾರಲೆ ಎಷ್ಟು ಎಂದು ಕೇಳಿದರೆ ಸುವರ್ಣಾಳ ಬಟ್ಟಲಿನಲ್ಲಿ ಆರು ಸೀಮೆಸುಣ್ಣದ ಚೂರು ಹಾಕುವುದು. ಬಸವರಾಜ ಗೋಡೆಗೆ ಅಂಟಿಸಿದ ಮೂರು ಸಾಲು ಓದುತ್ತಾನೆ. "ಎಂಟು ಕೂಡಿಸು" ಎಂದಾಗ ಮಲ್ಲಿಕಾರ್ಜುನ ಪಾಟಿಯ ಮೇಲೆ, ಅಂದರೆ ಸ್ಲೇಟಿನ ಮೇಲೆ, ಎಂಟು ಕೂಡಿಸಿ ಮೊತ್ತವನ್ನು ಗಟ್ಟಿಯಾಗಿ ಹೇಳುತ್ತಾನೆ. "ಒಂದು ತೆಗಿ" ಎಂದಾಗ ಸುವರ್ಣಾ ಬಟ್ಟಲಿನಿಂದ ಒಂದು ಚೂರು ತೆಗೆದು ತಾಟಿಗೆ ಹಾಕುತ್ತಾಳೆ. "ಖಾಲಿ ಆತೇನು?" ಎಂದಾಗ ಇಲ್ಲ ಅಂದರೆ ಮತ್ತೆ ಮೊದಲ ಸಾಲು, ಆತು ಅಂದರೆ ಪಾಟಿ ನನ್ನ ಹತ್ತಿರ ಬರುತ್ತದೆ, ನಾನು ಹಲಗೆಯ ಮೇಲೆ ಬರೆಯುತ್ತೇನೆ. ಜೋಶಿ ಸರ್ ಕಟ್ಟಪ್ಪಣೆ ಒಂದೇ. "ನೀವು ಯಂತ್ರ. ಯಂತ್ರಕ್ಕ ತಲಿ ಇಲ್ಲ. ಸೂಚನಾ ಬಿಟ್ಟು ಬ್ಯಾರೆ ವಿಚಾರ ಮಾಡಬ್ಯಾಡ್ರಿ, ಯಾರ ಏನ ಅಂದ್ರೂ ತಿರುಗಿ ನೋಡಬ್ಯಾಡ್ರಿ." ಎಂಟು ದಿನ ತಾಲೀಮು ನಡೆಯಿತು. ಒಮ್ಮೆಯೂ ತಪ್ಪಲಿಲ್ಲ.

ಎಲ್ಲರಿಗಿಂತ ಹೆಚ್ಚು ಸುವರ್ಣಾಳಿಗೆ ಈ ಮಾನ್ಯತೆ ಬೇಕಾಗಿತ್ತು. ಅವಳ ತಂದೆಯದು ಲಕ್ಷ್ಮೇಶ್ವರದಲ್ಲಿ ಕಾಳಿನ ವ್ಯಾಪಾರ. "ದಿಲ್ಲಿಯವರು ಒಪ್ಪಿದ್ರ ಮುಂದ ಓದಸ್ತೇನಿ. ಇಲ್ಲಾಂದ್ರ ಪರೀಕ್ಷಾ ಮುಗಿಸ್ಕೊಂಡು ಮನಿಗೆ ಬಾ, ವರ ನೋಡೇವಿ" ಎಂದು ಅವರು ಹಾಸ್ಟೆಲಿಗೇ ಬಂದು ಹೇಳಿ ಹೋಗಿದ್ದರು. ಆ ವರ ಶಿಗ್ಲಿಯವನೆಂದೂ ಅವನಿಗೆ ಹಾರ್ಮೋನಿಯಂ ಬರುತ್ತದೆಂದೂ ಹುಡುಗಿಯರು ಮಾತಾಡಿಕೊಳ್ಳುತ್ತಿದ್ದರು. ಹಾರ್ಮೋನಿಯಂ ವಿಷಯ ನಾನು ಖುದ್ದಾಗಿ ವಿಚಾರಿಸಿಲ್ಲ.

ಸಮಿತಿಯ ಪರವಾಗಿ ಬಂದವರು ಒಬ್ಬರೇ, ರಾಮಮೂರ್ತಿ ಎಂಬ ಹಿರಿಯರು. ಮೈಸೂರಿನ ಕಡೆಯವರು, ಬಹಳ ವರ್ಷ ದಿಲ್ಲಿಯಲ್ಲಿದ್ದವರು. ಅವರು ಬರುವ ಮುನ್ನ ಪ್ರಿನ್ಸಿಪಾಲರು ಬಟ್ಟಲಿನಲ್ಲಿ ಇಣುಕಿ, "ದಿಲ್ಲಿ ಪಾವಣ್ಯಾರ ಮುಂದ ಸುಣ್ಣದ ಚೂರು ಇಡತೀರೇನ್ರಿ? ಛೀ. ಶೇಂಗಾ ಹಾಕ್ರಿ, ಚೊಲೋ ಕಾಣತಾವು" ಎಂದು ಆರು ದಪ್ಪ ಶೇಂಗಾ ಕಾಳು ಹಾಕಿಸಿದರು. ಇದನ್ನು ನಾನು ನೋಡಿದೆ. ಜೋಶಿ ಸರ್ ಕೂಡ ನೋಡಿದರು. ಸುಣ್ಣವಾದರೇನು, ಶೇಂಗಾ ಆದರೇನು, ಎಣಿಕೆ ಎಣಿಕೆಯೇ ಎಂದು ಇಬ್ಬರಿಗೂ ಅನ್ನಿಸಿತು.

ಯಂತ್ರ ಶುರುವಾಯಿತು. ಎಂಟು, ಹದಿನಾರು, ಇಪ್ಪತ್ನಾಲ್ಕು. ರಾಮಮೂರ್ತಿಗಳು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಮೂವತ್ತೆರಡು, ನಲವತ್ತು, ನಲವತ್ತೆಂಟು. ನಾನು ಸೀಮೆಸುಣ್ಣ ಎತ್ತಿದೆ.

"ಖಾಲಿ ಆತೇನು?" ಎಂದ ಬಸವರಾಜ.

"ಇಲ್ಲರಿ" ಎಂದಳು ಸುವರ್ಣಾ.

"ಎಂಟು ಕೂಡಿಸು."

"ಐವತ್ತಾರು!" ಎಂದ ಮಲ್ಲಿಕಾರ್ಜುನ, ತನ್ನೂರು ಮುಳಗುಂದಕ್ಕೂ ಕೇಳುವಂಥ ಗಂಟಲಿನಲ್ಲಿ.

ನಾನು ಕೈ ಇಳಿಸಿದೆ. ನೂರು ದಾಟಿತು. ಇನ್ನೂರು ದಾಟಿತು. ಜೋಶಿ ಸರ್ ಮುಖದ ಬಣ್ಣ ಗೋಡೆಯ ಬಣ್ಣಕ್ಕೆ ಬಂತು. ರಾಮಮೂರ್ತಿಗಳು ಮೆಲ್ಲಗೆ, "ಇದನ್ನ ನಿಲ್ಲಿಸೋದು ಹೇಗೆ?" ಎಂದು ಕೇಳಿದರು.

"ನಡುವ ನಿಲ್ಲಿಸೋ ಸೂಚನಾ ಬರದಿಲ್ರಿ" ಎಂದರು ಜೋಶಿ ಸರ್.

ಒಳಗೆ ಎಲೆ ಹಾಕಿ ಆಗಿತ್ತು, ಬಿಸಿ ಹೋಳಿಗೆ ಆರುತ್ತಿತ್ತು. ಪ್ರಿನ್ಸಿಪಾಲರಿಗೆ ತಡೆಯಲಾಗಲಿಲ್ಲ. "ಲೇ ಬಸ್ಯಾ, ಸಾಕ ನಿಲ್ಲಸಲೇ! ನಾ ಪ್ರಿನ್ಸಿಪಾಲ ಹೇಳಾಕತ್ತೇನಿ!"

ಬಸವರಾಜ ತಿರುಗಿ ನೋಡಲಿಲ್ಲ. "ಎಂಟು ಕೂಡಿಸು" ಎಂದ.

ನಾನೂರರ ಹತ್ತಿರ ರಾಮಮೂರ್ತಿಗಳು ಎದ್ದು, ಪಂಚೆ ಎತ್ತಿಕೊಂಡು, ಸುವರ್ಣಾಳ ಎದುರು ಕುಕ್ಕರುಗಾಲಿನಲ್ಲಿ ಕುಳಿತರು. ಆಗ ನಾನೂ ಆಕೆಯ ಕೈ ನೋಡಿದೆ. ಬಟ್ಟಲಿನಲ್ಲಿ ಒಂದೇ ಕಾಳಿತ್ತು. "ಒಂದು ತೆಗಿ" ಎಂದಾಗ ತೆಗೆದು ತಾಟಿಗೆ ಹಾಕಿದಳು. ಅದೇ ಉಸಿರಿನಲ್ಲಿ ತಾಟಿನಿಂದ ಒಂದು ಕಾಳು ಎತ್ತಿ ಬಟ್ಟಲಿಗೆ ವಾಪಸು ಹಾಕಿದಳು. ಆಕೆಯ ಕಣ್ಣು ಬಸವರಾಜನ ಮೇಲಿತ್ತು. ಕೈ ಏನು ಮಾಡುತ್ತಿದೆ ಎಂಬ ಖಬರು ಆಕೆಗೇ ಇರಲಿಲ್ಲ.

"ಯಾಕಮ್ಮಾ ವಾಪಸ್ ಹಾಕ್ತೀಯ?" ಎಂದರು ರಾಮಮೂರ್ತಿಗಳು.

ಆಕೆ ಉತ್ತರಿಸಲಿಲ್ಲ. ಉತ್ತರಿಸುವ ಸೂಚನೆ ಗೋಡೆಯ ಮೇಲೆ ಇರಲಿಲ್ಲ. ಜೋಶಿ ಸರ್ ಹತ್ತಿರ ಬಂದು, "ಸುವರ್ಣಾ, ಈಗ ನೀ ಯಂತ್ರ ಅಲ್ಲ. ಮಾತಾಡು" ಎಂದರು.

ಆಕೆ ಕೈ ನೋಡಿಕೊಂಡಳು, ಬಟ್ಟಲು ನೋಡಿದಳು. ಕಣ್ಣಲ್ಲಿ ನೀರು ಬಂತು. "ತಪ್ಪಾತ್ರಿ ಸರ್. ಕಾಳಿನ ಡಬ್ಬಿ ಪೂರಾ ಖಾಲಿ ಮಾಡಬಾರದ್ರಿ. ತಳ ಕಂಡ್ರ ನಮ್ಮವ್ವ ಕೈಮ್ಯಾಲ ಹೊಡೀತಾಳ್ರಿ. ಸುಣ್ಣ ಇದ್ದಾಗ ನೆಪ್ಪ ಆಗಿರಲಿಲ್ರಿ."

"ಹುಡುಗಿ ತಪ್ಪು ಮಾಡ್ಯಾಳ್ರಿ, ಬ್ಯಾರೆಯವರನ್ನ ಕುಂಡ್ರಸ್ತೀವಿ" ಎಂದು ಪ್ರಿನ್ಸಿಪಾಲರು ಮುಂದೆ ಬಂದರು. ರಾಮಮೂರ್ತಿಗಳು ಕೈ ಅಡ್ಡ ಮಾಡಿದರು. "ಇರಿ ಸ್ವಾಮಿ. ಅಮ್ಮಾ, ನಿಮ್ಮ ಮನೆ ಪದ್ಧತಿ ಬಿಡಬೇಡ. ಆದರೆ ಲೆಕ್ಕ ನಿಲ್ಲಬೇಕು. ಏನು ಮಾಡ್ತೀಯ?"

ಜೋಶಿ ಸರ್ ತುಟಿ ಅಲುಗಿತು, ಹೇಳಿಕೊಡಲಿಲ್ಲ. ಸುವರ್ಣಾ ಸೆರಗಿನಿಂದ ಮೂಗು ಒರೆಸಿಕೊಂಡು, ಮಲ್ಲಿಕಾರ್ಜುನನ ಪಾಟಿ ಕಸಿದುಕೊಂಡು ಏನೋ ಬರೆದಳು, ಅಳಿಸಿದಳು, ಮತ್ತೆ ಬರೆದಳು. ಎದ್ದುಹೋಗಿ ಗೋಡೆಯ ಮೂರನೇ ಸಾಲು ಹೊಡೆದುಹಾಕಿ ಬರೆದಳು: "ಒಂದೇ ಉಳೀತೇನು?" ಬಟ್ಟಲಿಗೆ ಆರರ ಬದಲು ಏಳು ಕಾಳು ಎಣಿಸಿ ಹಾಕಿದಳು. "ಓದಲೇ ಬಸ್ಯಾ" ಎಂದಳು.

ಮತ್ತೆ ಎಂಟು, ಹದಿನಾರು. ನಲವತ್ತೆಂಟಕ್ಕೆ ಬಸವರಾಜ ಕೇಳಿದ, ಸುವರ್ಣಾ "ಹೌದ್ರಿ" ಎಂದಳು, ಯಂತ್ರ ನಿಂತಿತು. ಮಲ್ಲಿಕಾರ್ಜುನ ಪಾಟಿ ಹಿಡಿದು ನನ್ನ ಕಡೆ ಬಂದ. ನಾನು ಸೀಮೆಸುಣ್ಣ ಎತ್ತಿದೆ. ಅಷ್ಟರಲ್ಲಿ ರಾಮಮೂರ್ತಿಗಳು ಚಿಕ್ಕ ಹುಡುಗನ ಹಾಗೆ ಓಡಿ ಬಂದು, ನನ್ನ ಕೈಯಿಂದ ಅದನ್ನು ಕಿತ್ತುಕೊಂಡು, ಹಲಗೆಯ ತುಂಬ ದೊಡ್ಡದಾಗಿ ನಲವತ್ತೆಂಟು ಎಂದು ತಾವೇ ಬರೆದುಬಿಟ್ಟರು. ಆ ಯಂತ್ರದಲ್ಲಿ ತಪ್ಪು ಮಾಡದ ಭಾಗಗಳಲ್ಲಿ ನಾನೂ ಒಬ್ಬ. ಕೆಲಸ ಮಾಡದ ಭಾಗ ಮಾತ್ರ ನಾನೊಬ್ಬನೇ.

ಮಾನ್ಯತೆ ಬಂತು. ಯಂತ್ರದ ಸೌಕರ್ಯ ಸಾಲದು, ವಿದ್ಯಾರ್ಥಿಗಳ ತಿಳಿವಳಿಕೆ ಸಾಕು, ಬೇಗ ಒಂದು ಖರೆ ಯಂತ್ರ ಕೊಳ್ಳಿರಿ ಎಂಬುದು ಅದರ ಸಾರ. ಕೊಂಡೆವು. ಅದನ್ನು ನಿಲ್ಲಿಸಲು ಯಾವ ಸೂಚನೆಯೂ ಬೇಕಾಗಿರಲಿಲ್ಲ. ಬೆಟಗೇರಿ ಕಡೆ ಕರೆಂಟು ಹೋದರೆ ತಾನೇ ನಿಲ್ಲುತ್ತಿತ್ತು. ಸುವರ್ಣಾಳ ತಂದೆ ಮಾತಿಗೆ ತಪ್ಪಲಿಲ್ಲ, ಮುಂದೆ ಓದಿಸಿದರು.

ರಾಮಮೂರ್ತಿಗಳು, ಜೋಶಿ ಸರ್, ಪ್ರಿನ್ಸಿಪಾಲರು ಈಗಿಲ್ಲ. ಕಂಡವರಲ್ಲಿ ಉಳಿದವರು, ನನ್ನನ್ನು ಬಿಟ್ಟರೆ, ಮೂವರು. ಮುಂಡರಗಿಯಲ್ಲಿ ವಕೀಲಿಕೆ ಮಾಡಿ ಬಿಟ್ಟ ಬಸವರಾಜ. ಈಗಲೂ ನಡುವೆ ಬಾಯಿ ಹಾಕಿದರೆ ತಿರುಗಿ ನೋಡುವುದಿಲ್ಲ. ಮುಳಗುಂದದಲ್ಲಿ ಬೀಜದ ಅಂಗಡಿ ಇಟ್ಟಿರುವ ಮಲ್ಲಿಕಾರ್ಜುನ. ಶಿರಹಟ್ಟಿಯಲ್ಲಿ ಗಣಿತ ಕಲಿಸಿ ನಿವೃತ್ತರಾದ ಸುವರ್ಣಾ ಟೀಚರ್. ನಾನು ಹೇಳಿದ್ದರಲ್ಲಿ ಒಂದಕ್ಷರ ಹೆಚ್ಚುಕಡಿಮೆ ಇದೆಯೇ ಎಂದು ಮೂವರನ್ನೂ ಕೇಳಬಹುದು. ಹೋದ ವರ್ಷ ಒಂದು ಮದುವೆಯಲ್ಲಿ ಸಿಕ್ಕಾಗ ನಾನೇ ಕೇಳಿದೆ. ಸುವರ್ಣಾ ಟೀಚರ್ ಎಲ್ಲವನ್ನೂ ಪೂರ್ತಿ ಕೇಳಿಕೊಂಡು, "ಖರೆ ಅದರಿ, ಎಲ್ಲಾ ಖರೆ" ಎಂದು ತಲೆದೂಗಿದರು. ಆಮೇಲೆ ನನ್ನ ಮುಖವನ್ನೇ ತುಸು ಹೊತ್ತು ನೋಡಿ ಕೇಳಿದರು: "ಅಂದ್ರ ಅವತ್ತ ನೀವೂ ಇದ್ರೇನ್ರಿ ಸರ್?"